ಚಳಿಗೆ ಬೆಚ್ಚಗೂ ಇರಬೇಕು, ಬಣ್ಣವೂ ಇರಬೇಕು. ಹೇಗೆ?

ಪ್ರಶ್ನೆ: ಚಳಿ ಶುರುವಾದರೆ ನನ್ನ ಬೀರುವಿನಿಂದ ಹೊರಗೆ ಬರೋದು ಒಂದು ಕಪ್ಪು ಕೋಟು, ಒಂದು ಬೂದು ಸ್ವೆಟರ್, ಅಷ್ಟೇ. ಬಣ್ಣದ ಬಟ್ಟೆ ಬೇಕಾದಷ್ಟಿದೆ, ಆದರೆ ಎಲ್ಲ ತೆಳು. ಒಂದರ ಮೇಲೊಂದು ಹಾಕಿಕೊಂಡರೆ ಜೋಕರ್ ಥರ ಕಾಣುತ್ತೀನೇನೋ ಅನ್ನೋ ಭಯ. ಬೆಚ್ಚಗಿದ್ದೂ ಚೆಂದ ಕಾಣೋದು ಹೇಗೆ?

ಉತ್ತರ: ಹೊಸ ಬಟ್ಟೆ ಕೊಳ್ಳುವುದಕ್ಕೆ ಮೊದಲು ನಿಮ್ಮ ಪ್ರಶ್ನೆಯನ್ನೇ ಇನ್ನೊಮ್ಮೆ ಓದಿ. ತೆಳು ಬಟ್ಟೆ ಒಂದರ ಮೇಲೊಂದು ಹಾಕುವುದನ್ನು ನೀವು ತೊಂದರೆ ಅಂದುಕೊಂಡಿದ್ದೀರಿ. ನಿಮಗೆ ಬೇಕಾದ್ದು ಅದೇ.

ಬಟ್ಟೆ ಯಾರಿಗೂ ಬಿಸಿ ಕೊಡುವುದಿಲ್ಲ. ಬಿಸಿ ನಿಮ್ಮ ಮೈಯದ್ದೇ, ಬಟ್ಟೆ ಅದನ್ನು ಬೇಗ ಓಡಿಹೋಗದ ಹಾಗೆ ತಡೆಯುತ್ತದೆ. ತಡೆಯುವ ಕೆಲಸ ಜಾಸ್ತಿ ಮಾಡುವುದು ನೂಲೂ ಅಲ್ಲ, ನೂಲಿನ ಸಂದಿಯಲ್ಲಿ ಸಿಕ್ಕಿಬಿದ್ದ ಗಾಳಿ. ಅಲುಗದೆ ನಿಂತ ಗಾಳಿಯಲ್ಲಿ ಶಾಖ ಬಹಳ ನಿಧಾನವಾಗಿ ದಾಟುತ್ತದೆ. ಉಣ್ಣೆಯ ಎಳೆ ಗುಂಗುರು ಗುಂಗುರಾಗಿರುವುದರಿಂದ ಅದರಲ್ಲಿ ಗಾಳಿ ಚೆನ್ನಾಗಿ ನಿಲ್ಲುತ್ತದೆ. ಒಂದೇ ದಪ್ಪ ಬಟ್ಟೆಗಿಂತ ಎರಡು ಮೂರು ತೆಳು ಬಟ್ಟೆ ಎಷ್ಟೋ ಸಲ ಮೇಲು ಅನ್ನುವುದೂ ಇದಕ್ಕೇ. ಪ್ರತಿ ಎರಡು ಬಟ್ಟೆಯ ನಡುವೆ ಇನ್ನೊಂದು ಗಾಳಿಯ ಪದರ ಪುಕ್ಕಟೆ ಸಿಗುತ್ತದೆ. ಬಿಸಿಲು ಬಂದರೆ ಒಂದನ್ನು ಬಿಚ್ಚಿ ಕೈಯಲ್ಲಿ ಹಿಡಿದುಕೊಳ್ಳಬಹುದು. ದಪ್ಪ ಕೋಟನ್ನು ಅರ್ಧ ಬಿಚ್ಚೋಕಾಗಲ್ಲ, ಅಲ್ವಾ?

ಮೈಗೆ ತಾಗುವ ಪದರದ ಬಗ್ಗೆ ಮಾತ್ರ ಸ್ವಲ್ಪ ಹುಷಾರು. ನೀರು ಗಾಳಿಗಿಂತ ಸುಮಾರು 25 ಪಟ್ಟು ಬೇಗ ಶಾಖ ದಾಟಿಸುತ್ತದೆ. ಹತ್ತಿ ಬನಿಯನ್ ಬೆವರು ಕುಡಿದು ಬೆನ್ನಿಗೆ ಅಂಟಿಕೊಂಡರೆ ಮೇಲೆ ಎಂಥ ಕೋಟಿದ್ದರೂ ನಡುಕ ನಿಲ್ಲುವುದಿಲ್ಲ. ಉಣ್ಣೆ ತನ್ನ ತೂಕದ ಸುಮಾರು 30 ಪರ್ಸೆಂಟ್ ತನಕ ತೇವ ಹೀರಿಕೊಂಡರೂ ಒದ್ದೆ ಅನ್ನಿಸುವುದಿಲ್ಲ. ಉಣ್ಣೆ ಚುಚ್ಚುತ್ತದೆ ಅನ್ನುವವರು ಮೆರಿನೋ ಅನ್ನುವ ಕುರಿ ತಳಿಯ ನಯವಾದ ಉಣ್ಣೆ ನೋಡಿ. ಚುಚ್ಚುವುದು ಸುಮಾರು 30 ಮೈಕ್ರಾನ್‌ಗಿಂತ (ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು) ದಪ್ಪ ಎಳೆ, ಒಳ್ಳೆ ಮೆರಿನೋ 20ರ ಒಳಗಿರುತ್ತದೆ. ಸಿಂಥೆಟಿಕ್ ಥರ್ಮಲ್ ಆದರೂ ನಡೆಯುತ್ತದೆ.

ಈಗ ಬಣ್ಣಕ್ಕೆ ಬರೋಣ. ಪದರ ಜಾಸ್ತಿಯಾದಷ್ಟೂ ಅಂಚು ಜಾಸ್ತಿ. ಕುತ್ತಿಗೆ, ತೋಳಿನ ತುದಿ, ಸ್ವೆಟರಿನ ಕೆಳಗಂಚು, ಪ್ಯಾಂಟಿಗೂ ಬೂಟಿಗೂ ನಡುವಿನ ಸಂದಿ. ಒಳಗಿನ ಬಟ್ಟೆ ಇಣುಕುವ ಜಾಗಗಳು ಇವು, ಬಣ್ಣ ಇರಬೇಕಾದ್ದೂ ಇಲ್ಲೇ. ಕಡು ಬೂದು ಕೋಟು, ಅದರೊಳಗೆ ಇಟ್ಟಿಗೆ ಬಣ್ಣದ ಕಾರ್ಡಿಗನ್, ಅದರೊಳಗೆ ಸಾಸಿವೆ ಹಳದಿಯ ತೆಳು ಟೀ ಶರ್ಟ್. ಕೋಟಿನ ಗುಂಡಿ ಬಿಟ್ಟರೆ ಕಾಣುವ ಇಟ್ಟಿಗೆ ಬಣ್ಣ ನಾಲ್ಕು ಬೆರಳಗಲ, ಹಳದಿ ಬರೀ ಒಂದು ಬೆರಳು. ಅಷ್ಟಕ್ಕೇ ನೋಡುವವರ ಕಣ್ಣು ನೇರ ನಿಮ್ಮ ಮುಖಕ್ಕೆ ಬರುತ್ತದೆ. ಇದರಲ್ಲಿ ಜೋಕರ್ ಎಲ್ಲಿ ಬಂದ? ಜೋಕರ್ ಬಟ್ಟೆಯಲ್ಲಿ ಎಲ್ಲ ಬಣ್ಣವೂ ಸಮಸಮ ಅಳತೆಯಲ್ಲಿರುತ್ತದೆ. ನೀವು ಒಂದಕ್ಕೆ ಯಜಮಾನಿಕೆ ಕೊಡಿ, ಇನ್ನೊಂದು ಅದರ ಅರ್ಧ ಇರಲಿ, ಮೂರನೆಯದು ಚಿಟಿಕೆ.

ಯಾವ ಬಣ್ಣದ ಪಕ್ಕ ಯಾವುದು ಅನ್ನುವುದಕ್ಕೆ ಒಂದು ಹಳೇ ಕಥೆ ಇದೆ. 1824ರಲ್ಲಿ ಮಿಶೆಲ್ ಯೂಜೀನ್ ಶೆವ್ರಲ್ ಎಂಬ ರಸಾಯನಶಾಸ್ತ್ರಜ್ಞ ಪ್ಯಾರಿಸ್ಸಿನ ಗೊಬೆಲಿನ್ ನೇಯ್ಗೆ ಕಾರ್ಖಾನೆಯಲ್ಲಿ ಬಣ್ಣ ಹಾಕುವ ವಿಭಾಗದ ಮುಖ್ಯಸ್ಥನಾದ. ಅಲ್ಲಿ ಒಂದು ದೂರು ಇತ್ತು: ಕಪ್ಪು ಉಣ್ಣೆಯಲ್ಲಿ ಕಸುವಿಲ್ಲ, ನೇಯ್ದ ಮೇಲೆ ಸಪ್ಪೆ ಕಾಣುತ್ತದೆ. ಆತ ಬೇರೆ ಕಡೆಯ ಕಪ್ಪು ಉಣ್ಣೆ ತರಿಸಿ ಹೋಲಿಸಿ ನೋಡಿದ. ಇವರ ಕಪ್ಪಿನಲ್ಲಿ ಏನೂ ಕೊರತೆ ಇರಲಿಲ್ಲ. ತಪ್ಪು ಪಕ್ಕದವರದು. ನೀಲಿ, ನೇರಳೆ ಬಣ್ಣಗಳ ಮಗ್ಗುಲಿಗೆ ಕೂತಾಗ ಅದೇ ಕಪ್ಪು ಮಾಸಿದ ಹಾಗೆ ಕಾಣುತ್ತಿತ್ತು. ಪಕ್ಕಪಕ್ಕದ ಬಣ್ಣಗಳು ಒಂದನ್ನೊಂದು ಹೇಗೆ ಬದಲಾಯಿಸುತ್ತವೆ ಎಂದು ಆತ 1839ರಲ್ಲಿ ದೊಡ್ಡ ಪುಸ್ತಕವನ್ನೇ ಬರೆದ.

ನಿಮ್ಮ ಕಪ್ಪು ಕೋಟಿನ ಮೇಲೆ ನೇರಳೆ ಮಫ್ಲರ್ ಸುತ್ತಿ ಒಮ್ಮೆ ಕನ್ನಡಿ ನೋಡಿ. ಕೋಟು ಹತ್ತು ಸಲ ಒಗೆದ ಹಾಗೆ ಕಂಡರೆ ಅದನ್ನು ಬೈಯಬೇಡಿ, ಮಫ್ಲರ್ ಬದಲಾಯಿಸಿ. ನೇರಳೆಯೇ ಬೇಕು ಅಂದರೆ ಅದನ್ನು ಬೂದು ಅಥವಾ ಕಂದಿನ ಜೊತೆ ಹಾಕಿ. ಬೂದು ಬಹಳ ಒಳ್ಳೆ ಬಣ್ಣ, ಎಲ್ಲರ ಜೊತೆಗೂ ಹೊಂದಿಕೊಂಡು ಹೋಗುತ್ತದೆ. ಸುಮ್ನೆ ಹೆಸರು ಕೆಡಿಸಿಕೊಂಡಿದೆ.

ಕೆಂಪು, ಕಿತ್ತಳೆ ಹಾಕಿದರೆ ಬೆಚ್ಚಗಿರುತ್ತದೆ ಅನ್ನುವ ಮಾತನ್ನು ನಂಬಬೇಡಿ. ಅದು ಕಣ್ಣಿಗೆ ಮಾತ್ರ. ಬಿಸಿಲಿಗೆ ನಿಂತರೆ ಗಾಢ ಬಣ್ಣ ಸ್ವಲ್ಪ ಜಾಸ್ತಿ ಶಾಖ ಹೀರುವುದು ನಿಜ. ಮೋಡ ಕವಿದ ದಿನವೋ ರಾತ್ರಿಯೋ ಆದರೆ ಬಿಳಿ ಸ್ವೆಟರೂ ಕಪ್ಪು ಸ್ವೆಟರೂ ಒಂದೇ.

ಹಾಗಂತ ಬಣ್ಣಕ್ಕೂ ಬೆಚ್ಚಗಿರುವುದಕ್ಕೂ ಸಂಬಂಧವೇ ಇಲ್ಲ ಅಂತಲೂ ಅಲ್ಲ. ಸ್ಕಾಟ್ಲೆಂಡಿನ ಶೆಟ್ಲೆಂಡ್ ದ್ವೀಪಗಳಲ್ಲಿ ಫೇರ್ ಐಲ್ ಅಂತ ಒಂದು ಪುಟ್ಟ ದ್ವೀಪ. ಅಲ್ಲಿನ ಹೆಣಿಗೆಗೂ ಅದೇ ಹೆಸರು. ಅಡ್ಡ ಅಡ್ಡ ಪಟ್ಟೆಗಳಲ್ಲಿ ನಕ್ಷತ್ರ, ವಜ್ರಾಕಾರ, ಅಡ್ಡಗೀಟು. ಎಷ್ಟೋ ಬಣ್ಣ ಕಂಡರೂ ಒಂದು ಸಾಲಿನಲ್ಲಿ ಎರಡೇ ಬಣ್ಣದ ನೂಲು ಓಡುತ್ತದೆ. ಅಂಥ ಸ್ವೆಟರ್ ಸಿಕ್ಕರೆ ಒಳಮಗ್ಗುಲು ತಿರುಗಿಸಿ ನೋಡಿ. ಮುಂದೆ ಕಾಣದಿರುವ ನೂಲು ಹಿಂದೆ ಸಣ್ಣ ಸಣ್ಣ ಸೇತುವೆಗಳ ಹಾಗೆ ಅಡ್ಡ ಹಾದು ಹೋಗಿರುತ್ತದೆ. ಹೀಗೆ ಬಟ್ಟೆ ಹೆಚ್ಚುಕಮ್ಮಿ ಎರಡು ಪದರ ಆಗಿಬಿಡುತ್ತದೆ, ನಡುವೆ ಗಾಳಿ. ಇಲ್ಲಿ ಚಿತ್ತಾರ ಹಾಕಿದ್ದರಿಂದಲೇ ಬಟ್ಟೆ ಬೆಚ್ಚಗಾಗಿದೆ. ಇದು ಮೀನುಗಾರರ ಮನೆಯ ಹೆಣಿಗೆ. 1920ರ ದಶಕದಲ್ಲಿ ಬ್ರಿಟನ್ನಿನ ಯುವರಾಜ ಗಾಲ್ಫ್ ಆಡಲು ಇಂಥ ಸ್ವೆಟರ್ ಹಾಕಿಕೊಂಡು ನಿಂತ ಮೇಲೆ ಅದೇ ಫ್ಯಾಷನ್ ಆಯಿತು. ಹೀಗೆ ಚಿತ್ತಾರದ ಸ್ವೆಟರ್ ಒಂದಿದ್ದರೆ ಉಳಿದದ್ದೆಲ್ಲ ಒಂದೇ ಬಣ್ಣದ್ದಿರಲಿ. ಅದರಲ್ಲಿರುವ ಯಾವುದಾದರೂ ಒಂದು ಬಣ್ಣವನ್ನು ಹೆಕ್ಕಿ ಟೋಪಿಗೋ ಕಾಲುಚೀಲಕ್ಕೋ ಕೊಡಿ, ಮುಗಿಯಿತು.

ಟೋಪಿ ಅಂದ ಕೂಡಲೇ ಯಾರಾದರೂ ಮೈಯ ಅರ್ಧ ಶಾಖ ತಲೆಯಿಂದಲೇ ಹೋಗುತ್ತದೆ ಅನ್ನುತ್ತಾರೆ. ಅದು ಸುಳ್ಳು, ಸರಿಸುಮಾರು ಹತ್ತರಲ್ಲಿ ಒಂದು ಪಾಲು. ಆದರೂ ಟೋಪಿ ಹಾಕಿಕೊಳ್ಳಿ, ಕಿವಿಗಾದರೂ. ಕಾಲುಚೀಲದ ವಿಷಯದಲ್ಲಿ ಎಷ್ಟು ಗಾಢ ಬಣ್ಣವಾದರೂ ಧೈರ್ಯ ಮಾಡಬಹುದು, ಕೂತಾಗ ಮಾತ್ರ ಕಾಣುವ ಬಣ್ಣ ಅದು. ಆದರೆ ಬೂಟು ಬಿಗಿಯಾಗುವಷ್ಟು ದಪ್ಪ ಬೇಡ. ಗಾಳಿಗೆ ಜಾಗವಿಲ್ಲದೆ ಕಾಲು ಇನ್ನೂ ತಣ್ಣಗಾಗುತ್ತದೆ.

ಬಣ್ಣ ಆರಿಸುವಾಗ ಮನೆಯ ದೀಪವನ್ನು ನೆಚ್ಚಬೇಡಿ, ಕಿಟಕಿ ಹತ್ತಿರ ತಂದು ನೋಡಿ. ಚಳಿಗಾಲದಲ್ಲಿ ಬೇಗ ಕತ್ತಲಾಗುತ್ತದೆ, ನಿಮ್ಮ ಬಟ್ಟೆಯನ್ನು ಜನ ಜಾಸ್ತಿ ನೋಡುವುದೇ ಮಬ್ಬು ಬೆಳಕಿನಲ್ಲಿ. ಬೆಳಕು ಇಳಿದ ಹಾಗೆ ಕಣ್ಣಿಗೆ ಮೊದಲು ಕಪ್ಪಾಗುವುದು ಕೆಂಪು. ನೀಲಿ, ಹಸಿರು ಇನ್ನೂ ಒಂದಿಷ್ಟು ಹೊತ್ತು ತಿಳಿಯಾಗೇ ಕಾಣುತ್ತವೆ. ಸಂಜೆ ಹೊರಗೆ ಹೋಗುವಾಗ ಮರೂನ್ ಶಾಲು ಹೊದ್ದರೆ ಅದೂ ಕಪ್ಪು ಕೋಟೂ ಒಂದೇ ಆಗಿ ಹೋಗುತ್ತದೆ. ಆಗ ಸಾಸಿವೆ ಹಳದಿ ಇಲ್ಲವೇ ತಿಳಿ ನವಿಲು ಬಣ್ಣ ಹಾಕಿ. ರಸ್ತೆ ದಾಟುವಾಗ ಗಾಡಿಯವರಿಗೂ ಕಾಣುತ್ತೀರಿ.

ಇಷ್ಟೆಲ್ಲ ಹೇಳಿದ ನಾನು ಒಮ್ಮೆ ಮಾಡಿಕೊಂಡ ಎಡವಟ್ಟು ಹೇಳದಿದ್ದರೆ ತಪ್ಪಾಗುತ್ತದೆ. ನನಗೆ ಬಹಳ ಇಷ್ಟವಾದ ಸಾಸಿವೆ ಬಣ್ಣದ ಉಣ್ಣೆ ಸ್ವೆಟರನ್ನು ಬಿಸಿನೀರಿಗೆ ಇಟ್ಟು ಮೆಷಿನ್‌ಗೆ ಹಾಕಿಬಿಟ್ಟೆ. ಉಣ್ಣೆ ಎಳೆಯ ಮೇಲೆ ಮೀನಿನ ಪೊರೆಯಂಥ ಸಣ್ಣ ಚಕ್ಕೆಗಳಿರುತ್ತವೆ. ನೀರು, ಬಿಸಿ, ತಿಕ್ಕಾಟ ಮೂರೂ ಸೇರಿದರೆ ಅವು ಒಂದಕ್ಕೊಂದು ಕಚ್ಚಿಕೊಳ್ಳುತ್ತವೆ, ಆಮೇಲೆ ಬಿಡಿಸೋಕಾಗಲ್ಲ. ಹೊರಗೆ ಬಂದ ಸ್ವೆಟರ್ ಐದು ವರ್ಷದ ಮಗುವಿಗೆ ಆಗುವಷ್ಟಿತ್ತು, ಕಂಬಳಿಯಷ್ಟು ಗಟ್ಟಿ. ಹಾಗೆ ಗಟ್ಟಿಯಾದ ಉಣ್ಣೆಯನ್ನು ಕತ್ತರಿಸಿದರೆ ನೂಲು ಬಿಚ್ಚಿಕೊಳ್ಳುವುದಿಲ್ಲ. ಎರಡೂ ತೋಳಿನ ತುದಿಯನ್ನು ಒಂದೊಂದು ಗೇಣು ಕತ್ತರಿಸಿಕೊಂಡೆ. ಈಗ ಅವನ್ನು ಮಣಿಕಟ್ಟಿಗೆ ಹಾಕಿಕೊಳ್ಳುತ್ತೇನೆ. ಬೂದು ಕೋಟಿನ ತೋಳಿನಿಂದ ಎರಡು ಬೆರಳಷ್ಟು ಹಳದಿ ಹೊರಗೆ ಕಾಣುತ್ತದೆ. ಎಲ್ಲಿ ಕೊಂಡಿರಿ ಅಂತ ಕೇಳಿದವರಿಗೆ ನಾನಿನ್ನೂ ನಿಜ ಹೇಳಿಲ್ಲ.