ಈ ಕಾಲದಾಗೂ ಅಪೊಸ್ತಲರು ಇದಾರಾ? ನಿಟ್ಟುವಳ್ಳಿಯ ಸಿಸ್ಟರ್ ಒಬ್ರ ಪ್ರಶ್ನೆಗೆ ಉತ್ತರ

ಪ್ರಶ್ನೆ: "ಬ್ರದರ್, ನಮ್ಮ ಪಾಸ್ಟರ್ ಎರಡು ತಿಂಗಳಿಂದ ಬ್ಯಾನರ್‌ನಾಗೆ ಹೆಸರಿನ ಮುಂದೆ ಅಪೊಸ್ತಲ ಅಂತ ಹಾಕಿಸ್ತಿದಾರೆ. ನಾವು ಸಂಡೇ ಸ್ಕೂಲಲ್ಲಿ ಹನ್ನೆರಡು ಜನ ಅಪೊಸ್ತಲರು ಅಂತ ಬಾಯಿಪಾಠ ಮಾಡಿದ್ದು. ಈಗಲೂ ಅಪೊಸ್ತಲರು ಇರ್ತಾರಾ, ಇದ್ರೆ ಅವರ ಕೆಲಸ ಏನು? ಸಭೆಯೋರೆಲ್ಲ ಅವರ ಅಧಿಕಾರದ ಕೆಳಗೆ ಬರ್ತೀವಿ ಅಂತ ಒಂದು ಫಾರ್ಮ್‌ಗೆ ಸೈನ್ ಹಾಕ್ಬೇಕಂತೆ, ಹಾಕ್ಬೋದಾ?"

ಸಿಸ್ಟರ್, ಇದನ್ನ ನೀವೊಬ್ರೇ ಕೇಳ್ತಿಲ್ಲ, ಇತ್ತೀಚೆಗೆ ಹಿರಿಯೂರು ಕಡೆಯೋರೊಬ್ರು, ಹರಿಹರದೋರೊಬ್ರು ಹೆಚ್ಚುಕಮ್ಮಿ ಇದೇ ಮಾತು ಕೇಳಿದ್ರು. ಮೊದ್ಲೇ ಹೇಳ್ಬಿಡ್ತೀನಿ, ಯೇಸುವೇ ಆರಿಸಿ ಕಳಿಸಿದ ಪೇತ್ರ ಯೋಹಾನ ಪೌಲ ಇವರಿಗಿದ್ದ ಸ್ಥಾನ ಮತ್ತೆ ಯಾರಿಗೂ ಸಿಗಲ್ಲ, ಆದ್ರೆ ಅಪೊಸ್ತಲ ಸೇವೆ ಅನ್ನೋ ಕೆಲಸ ಇದ್ಯಲ್ಲ ಅದು ನಿಂತಿಲ್ಲ, ನಿಲ್ಲಲೂಬಾರ್ದು. ಸ್ಥಾನ ಬೇರೆ ಕೆಲಸ ಬೇರೆ. ಇವೆರಡನ್ನೂ ಕಲಸಿಬಿಟ್ಟಿರೋದ್ರಿಂದ್ಲೇ ಇಷ್ಟೆಲ್ಲ ಗೊಂದಲ.

ಪದದಿಂದ್ಲೇ ಶುರು ಮಾಡೋಣ. ಗ್ರೀಕ್‌ನಲ್ಲಿ ಅಪೊಸ್ತೊಲೊಸ್ ಅಂದ್ರೆ ಕಳಿಸಲ್ಪಟ್ಟೋನು, ಅಷ್ಟೇ. ನಮ್ಮ ಕನ್ನಡ ಬೈಬಲ್‌ನೋರು ಆ ಪದವನ್ನ ಹಂಗೇ ಅಪೊಸ್ತಲ ಅಂತ ಇಟ್ಕೊಂಡ್ರು, ಕ್ಯಾಥೊಲಿಕ್‌ನೋರು ಪ್ರೇಷಿತರು ಅಂತಾರೆ, ನಾವು ಅಪೊಸ್ತಲರ ಕೃತ್ಯಗಳು ಅನ್ನೋ ಪುಸ್ತಕಕ್ಕೆ ಅವರಲ್ಲಿ ಪ್ರೇಷಿತರ ಕಾರ್ಯಕಲಾಪಗಳು ಅಂತ ಹೆಸರು, ನನಗೆ ಕೇಳಿದ್ರೆ ಅವರ ಪದಾನೇ ಚೆನ್ನಾಗಿದೆ ಯಾಕಂದ್ರೆ ಅರ್ಥ ಅದರೊಳಗೇ ಇದೆ. ಹಿಂದೆ ನಮ್ಮ ಹಳ್ಳಿಗಳಲ್ಲಿ ಓಲೆಕಾರ ಇರ್ತಿದ್ದ ನೋಡ್ರಿ, ಅವನು ಬಂದ್ರೆ ಜನ ಎದ್ದು ನಿಲ್ತಿದ್ರು, ಅದು ಅವನ ಮುಖ ನೋಡಿ ಅಲ್ಲ, ಕೈಯಲ್ಲಿದ್ದ ಓಲೆ ನೋಡಿ, ಕಳಿಸಿದೋರನ್ನ ನೆನೆಸ್ಕೊಂಡು. ಅಪೊಸ್ತಲನ ಅಧಿಕಾರಾನೂ ಇಂಥದ್ದೇ. ಓಲೇಲಿ ಇರೋದನ್ನ ಬಿಟ್ಟು ತಂದೊಂದು ಸೇರಿಸಿದ್ನೋ ಅಲ್ಲಿಗೆ ಅಧಿಕಾರ ಹೋಯ್ತು.

ಹನ್ನೆರಡು ಜನರ ವಿಷ್ಯಕ್ಕೆ ಬರ್ತೀನಿ. ಯೇಸುವನ್ನ ಹಿಡಿದುಕೊಟ್ಟ ಯೂದ ಹೋದ್ಮೇಲೆ ಅವನ ಜಾಗಕ್ಕೆ ಚೀಟಿ ಹಾಕಿ ಮತ್ತೀಯನನ್ನ ಆರಿಸ್ತಾರೆ, ಅಪೊಸ್ತಲರ ಕೃತ್ಯಗಳು 1ನೇ ಅಧ್ಯಾಯದಲ್ಲಿದೆ, ಅಲ್ಲಿ ಪೇತ್ರ ಹಾಕೋ ಕಂಡೀಶನ್ ನೋಡಿ, ಸ್ನಾನಿಕನಾದ ಯೋಹಾನ ದೀಕ್ಷಾಸ್ನಾನ ಮಾಡಿಸ್ತಿದ್ದ ದಿನದಿಂದ ಯೇಸು ಮೇಲಕ್ಕೆ ಹೋದ ದಿನದ ತನಕ ಜೊತೇಲೇ ಓಡಾಡ್ಕೊಂಡಿದ್ದೋನಾಗಿರ್ಬೇಕು, ಪುನರುತ್ಥಾನಕ್ಕೆ ಸಾಕ್ಷಿ ಆಗ್ಬೇಕು. ಈವತ್ತು ಈ ಕಂಡೀಶನ್ ಪೂರೈಸೋರು ದಾವಣಗೆರೇಲಿ ಬಿಡಿ, ಭೂಮಿ ಮೇಲೇ ಯಾರೂ ಇಲ್ಲ. ಇನ್ನೊಂದು ಮಾತು ನಾನು ಎಷ್ಟೋ ವರ್ಷ ಗಮನಿಸಿರ್ಲೇ ಇಲ್ಲ. ಅದೇ ಪುಸ್ತಕದ 12ನೇ ಅಧ್ಯಾಯದಲ್ಲಿ ಹೆರೋದ ರಾಜ ಅಪೊಸ್ತಲ ಯೋಹಾನನ ಅಣ್ಣ ಯಾಕೋಬನನ್ನ ಕತ್ತಿಯಿಂದ ಕೊಲ್ಲಿಸ್ತಾನೆ, ಸುಮಾರು ಕ್ರಿ.ಶ. 44ರ ಹೊತ್ತಿಗೆ, ಹನ್ನೆರಡರಲ್ಲಿ ಮತ್ತೆ ಒಂದು ಜಾಗ ಖಾಲಿ ಆಯ್ತು, ಆದ್ರೆ ಈ ಸಲ ಚೀಟಿ ಹಾಕಿ ಇನ್ನೊಬ್ಬನನ್ನ ಆರಿಸಿದ್ರು ಅಂತ ಎಲ್ಲೂ ಬರೆದಿಲ್ಲ. ಯೂದ ಬಿಟ್ಟುಹೋದ ಜಾಗ ತುಂಬಿದ್ರು, ಯಾಕೋಬ ಸತ್ತ ಜಾಗ ತುಂಬ್ಲಿಲ್ಲ. ಅಂದ್ರೆ ಆ ಸ್ಥಾನ ತಲೆಮಾರಿಂದ ತಲೆಮಾರಿಗೆ ಹೋಗೋ ಪಟ್ಟ ಅಲ್ಲ ಅಂತ ಮೊದಲನೇ ಸಭೆಗೇ ಗೊತ್ತಿತ್ತು ಅಂತ ನಾನು ತಿಳ್ಕೊಂಡಿದೀನಿ. ಪೌಲನೂ 1 ಕೊರಿಂಥ 15ರಲ್ಲಿ ಯೇಸು ಎಲ್ಲರಿಗಿಂತ ಕೊನೆಗೆ ನನಗೆ ಕಾಣಿಸ್ಕೊಂಡ್ರು ಅಂತಾನೆ, ಅಂದ್ರೆ ಆ ಸಾಲು ಅವನಿಗೇ ಮುಗೀತು.

ಎಫೆಸ 2:20ರಲ್ಲಿ ಸಭೆ ಅಪೊಸ್ತಲರು ಪ್ರವಾದಿಗಳು ಅನ್ನೋ ಅಸ್ತಿವಾರದ ಮೇಲೆ ಕಟ್ಟಿರೋದು ಅಂತ ಇದೆ. ಹೋದ ವರ್ಷ ನಮ್ಮನೆ ಮೇಲೆ ಒಂದು ರೂಮ್ ಹಾಕಿಸುವಾಗ ಮೇಸ್ತ್ರಿ ಮೊದ್ಲು ಕೇಳಿದ್ದು ಪಾಯ ಎಷ್ಟು ಆಳ ತೆಗ್ದಿದೀರಿ ಸಾರ್ ಅಂತ, ಅವರು ಮತ್ತೆ ಪಾಯ ತೆಗೀಲಿಲ್ಲ, ಇರೋ ಪಾಯ ನೋಡ್ಕೊಂಡು ಅದು ತಡೆಯುವಷ್ಟೇ ಮೇಲೆ ಎಬ್ಬಿಸಿದ್ರು. ಎರಡನೇ ಅಂತಸ್ತಿನಲ್ಲಿ ನಿಂತ್ಕೊಂಡು ನಾನೇ ಪಾಯ ಅನ್ನೋರನ್ನ ಕಂಡ್ರೆ ನನಗೆ ಭಯ ಆಗೋದು ಇದಕ್ಕೇ.

ಹಂಗಂತ ಅಪೊಸ್ತಲ ಅನ್ನೋ ಪದಾನ ಹನ್ನೆರಡು ಜನರ ಹತ್ರಾನೇ ಬೀಗ ಹಾಕಿ ಇಡೋಕೂ ಆಗಲ್ಲ, ಬೈಬಲ್ಲೇ ಬಿಡಲ್ಲ. ಅಪೊಸ್ತಲರ ಕೃತ್ಯಗಳು 14:14ರಲ್ಲಿ ಬಾರ್ನಬನಿಗೂ ಅಪೊಸ್ತಲ ಅಂತಾರೆ. ಫಿಲಿಪ್ಪಿ 2:25ರಲ್ಲಿ ಎಪಫ್ರೊದೀತನಿಗೂ ಗ್ರೀಕ್‌ನಲ್ಲಿ ಇದೇ ಪದ ಇದೆ, ಅವನು ಮಾಡಿದ ಕೆಲಸ ಏನು ಗೊತ್ತಾ, ಜೈಲಲ್ಲಿದ್ದ ಪೌಲನಿಗೆ ಸಭೆಯೋರ ಕಾಣಿಕೆ ತಗೊಂಡ್ಹೋಗಿ ಕೊಟ್ಟು, ಅಲ್ಲೇ ಇದ್ದು ನೋಡ್ಕೊಂಡು, ಸಾಯೋ ಹಂಗೆ ಕಾಯಿಲೆ ಬಿದ್ದಿದ್ದು. ರೋಮಾಪುರ 16:7ರಲ್ಲಿ ಅಂದ್ರೋನಿಕ, ಯೂನ್ಯ ಅಂತ ಇಬ್ರು ಅಪೊಸ್ತಲರಲ್ಲಿ ಹೆಸರಾದೋರು, ಯೂನ್ಯ ಹೆಣ್ಣುಮಗಳು ಅಂತ 4ನೇ ಶತಮಾನದಲ್ಲೇ ಯೋಹಾನ ಕ್ರಿಸೊಸ್ತೊಮ್ ಅನ್ನೋ ದೊಡ್ಡ ಬೋಧಕರು ಹೊಗಳಿದಾರೆ (ಆ ವಚನದ ಅರ್ಥದ ಬಗ್ಗೆ ಪಂಡಿತರಲ್ಲಿ ಇನ್ನೂ ಚರ್ಚೆ ಇದೆ, ಆದ್ರೆ ಸಿಸ್ಟರ್‌ಗಳು ಹಾಡು ಹೇಳೋಕೆ ಮಾತ್ರ ಅನ್ನೋ ಸಭೆಗಳು ಇದನ್ನ ಒಂದ್ಸಲ ಕೂತು ಓದ್ಬೇಕು). ಇವರ್ಯಾರೂ ಹನ್ನೆರಡರಲ್ಲಿ ಇಲ್ಲ. ಇವರು ಕಳಿಸಲ್ಪಟ್ಟೋರು.

ಕಳಿಸೋದು ಅಂದ್ರೆ ಹೆಂಗೆ ಅಂತ ತಿಳೀಬೇಕಂದ್ರೆ ಅಪೊಸ್ತಲರ ಕೃತ್ಯಗಳು 13ನೇ ಅಧ್ಯಾಯದಲ್ಲಿ ಅಂತಿಯೋಕ್ಯ ಅನ್ನೋ ಊರಿನ ಸಭೆ ನೋಡ್ಬೇಕು. ಐದು ಜನರ ಹೆಸರು ಕೊಟ್ಟಿದಾರೆ, ಉಪವಾಸ ಇದ್ದು ಪ್ರಾರ್ಥನೆ ಮಾಡ್ತಿರ್ತಾರೆ, ಬಾರ್ನಬನನ್ನೂ ಸೌಲನನ್ನೂ (ಇವನೇ ಪೌಲ) ಬೇರೆ ಮಾಡಿ ಅಂತ ಪವಿತ್ರಾತ್ಮ ಹೇಳುತ್ತೆ, ಉಳಿದೋರು ಇಬ್ರ ಮೇಲೆ ಕೈಯಿಟ್ಟು ಕಳಿಸ್ತಾರೆ. ಯಾರೂ ತಮಗೆ ತಾವೇ ಪೋಸ್ಟಿಂಗ್ ಹಾಕ್ಕೊಳ್ಳಲ್ಲ. ಇಬ್ರೂ ಹೋಗಿ ಊರೂರಲ್ಲಿ ಸಭೆ ಕಟ್ಟಿ, ಪ್ರತಿ ಸಭೆಗೂ ಅಲ್ಲಿನೋರನ್ನೇ ಹಿರಿಯರನ್ನಾಗಿ ನೇಮಿಸಿ, ಕೊನೆಗೆ ಅಂತಿಯೋಕ್ಯಕ್ಕೇ ವಾಪಸ್ ಬಂದು ಎಲ್ಲರನ್ನೂ ಸೇರಿಸಿ ನಡೆದಿದ್ದನ್ನೆಲ್ಲ ಹೇಳ್ತಾರೆ. ಹೋಗೋದು, ಕಟ್ಟೋದು, ಅಲ್ಲಿನೋರ ಕೈಗೆ ಒಪ್ಪಿಸೋದು, ಬಂದು ಲೆಕ್ಕ ಕೊಡೋದು. ಪೌಲ ಎಫೆಸದಲ್ಲಿ ಮೂರು ವರ್ಷ ಇದ್ದೋನು, ಆಮೇಲೆ ಆ ಸಭೆಯ ಹಿರಿಯರನ್ನ ಮಿಲೇತಕ್ಕೆ ಕರೆಸಿ ಬೀಳ್ಕೊಳ್ಳುವಾಗ ಹೇಳ್ತಾನೆ, ನಾನು ಯಾರ ಬೆಳ್ಳಿಗೂ ಬಂಗಾರಕ್ಕೂ ಬಟ್ಟೆಗೂ ಆಸೆಪಡ್ಲಿಲ್ಲ, ಈ ಕೈಗಳೇ ದುಡಿದವು ಅಂತ. ಅವರೆಲ್ಲ ಅವನ ಕೊರಳು ತಬ್ಬಿಕೊಂಡು ಅಳ್ತಾರೆ. ಅದನ್ನ ಓದುವಾಗೆಲ್ಲ ನನಗೆ ಕಣ್ಣು ತುಂಬಿ ಬರುತ್ತೆ.

ಇನ್ನು ಬೇರೆಬೇರೆ ಸಭೆಗಳು ಇದನ್ನ ಹೆಂಗೆ ನೋಡ್ತಾವೆ ಅಂದ್ರೆ, ನಮ್ಮ ಕ್ಯಾಥೊಲಿಕ್ ಬಂಧುಗಳು (ದಾವಣಗೆರೆ ಚಿತ್ರದುರ್ಗ ಎರಡೂ ಶಿವಮೊಗ್ಗ ಧರ್ಮಕ್ಷೇತ್ರಕ್ಕೆ ಸೇರಿದ್ದು) ಅಪೊಸ್ತಲರು ಬಿಷಪ್‌ರ ಮೇಲೆ ಕೈಯಿಟ್ರು, ಅವರು ಮುಂದಿನೋರ ಮೇಲೆ, ಹಿಂಗೆ ಸರಪಳಿ ಈವತ್ತಿನ ತನಕ ಬಂದಿದೆ ಅಂತಾರೆ. 1947ರಲ್ಲಿ ಶುರುವಾದ ಚರ್ಚ್ ಆಫ್ ಸೌತ್ ಇಂಡಿಯಾ, ಅಂದ್ರೆ ಸಿಎಸ್‌ಐ ಕೂಡ ಬಿಷಪ್ ಪದ್ಧತಿ ಉಳಿಸ್ಕೊಂಡಿದೆ. ಆದ್ರೆ ಬಿಷಪ್ ಯಾರೂ ನಾನು ಅಪೊಸ್ತಲ ಅನ್ನಲ್ಲ, ಅಪೊಸ್ತಲರ ಬೋಧನೆ ಕಾಯೋನು ಅಂತಾರೆ. 16ನೇ ಶತಮಾನದ ಪ್ರೊಟೆಸ್ಟೆಂಟ್ ಸುಧಾರಕ ಜಾನ್ ಕ್ಯಾಲ್ವಿನ್ ಅಪೊಸ್ತಲ ಕೆಲಸ ಸಭೆಯ ಆರಂಭಕ್ಕೆ ಕೊಟ್ಟಿದ್ದು, ಅಗತ್ಯ ಬಿದ್ದಾಗ ದೇವರು ಆಗೊಮ್ಮೆ ಈಗೊಮ್ಮೆ ಅಂಥೋರನ್ನ ಎಬ್ಬಿಸಬಹುದು ಅಂತ ಬರೆದ್ರು. ಪೆಂತೆಕೊಸ್ತ್‌ನೋರೆಲ್ಲ ಈ ಟೈಟಲ್‌ನ ಒಪ್ತಾರೆ ಅಂತ ಅನ್ಕೊಬೇಡಿ, ಅಮೆರಿಕದ ಅಸೆಂಬ್ಲೀಸ್ ಆಫ್ ಗಾಡ್ ಅನ್ನೋ ದೊಡ್ಡ ಪೆಂತೆಕೊಸ್ತ್ ಪಂಗಡ 1949ರಲ್ಲೇ ಈಗಿನ ಅಪೊಸ್ತಲ ಪ್ರವಾದಿಗಳ ಮೇಲೆ ಸಭೆ ಕಟ್ಟಿದೆ ಅನ್ನೋ ಬೋಧನೆ ತಪ್ಪು ಅಂತ ಠರಾವು ಮಾಡ್ತು. ಈಗ ಬ್ಯಾನರ್‌ಗಳಲ್ಲಿ ಕಾಣೋ ಅಪೊಸ್ತಲ ಚಳವಳಿಗೆ 1990ರ ದಶಕದಲ್ಲಿ ಸಿ. ಪೀಟರ್ ವ್ಯಾಗ್ನರ್ ಅನ್ನೋ ಅಮೆರಿಕನ್ ಪ್ರೊಫೆಸರ್ ಹೆಸರು ಕೊಟ್ರು, ಎಫೆಸ 4:11ರ ಐದು ಸೇವೆಗಳೂ (ಅಪೊಸ್ತಲ, ಪ್ರವಾದಿ, ಸುವಾರ್ತಿಕ, ಸಭಾಪಾಲಕ, ಬೋಧಕ) ಮತ್ತೆ ಬರ್ಬೇಕು, ಅಪೊಸ್ತಲರು ಬಹಳ ಸಭೆಗಳ ಮೇಲೆ ಅಧಿಕಾರ ನಡೆಸ್ಬೇಕು ಅನ್ನೋದು ಅದರ ಮಾತು.

ಇದೇನೂ ಹೊಸ ಪ್ರಯತ್ನ ಅಲ್ಲ ಸಿಸ್ಟರ್. 1835ರಲ್ಲಿ ಇಂಗ್ಲೆಂಡ್‌ನಲ್ಲಿ ಕ್ಯಾಥೊಲಿಕ್ ಅಪೊಸ್ಟೊಲಿಕ್ ಚರ್ಚ್ ಅಂತ ಒಂದು ಗುಂಪು ಹನ್ನೆರಡು ಜನ ಹೊಸ ಅಪೊಸ್ತಲರನ್ನ ನೇಮಿಸ್ಕೊಂಡಿತ್ತು, ಅವರು ಬದುಕಿರುವಾಗ್ಲೇ ಕರ್ತನು ಬರ್ತಾನೆ ಅಂತ ನಂಬಿದ್ರು, ಗುರುಗಳಿಗೆ ದೀಕ್ಷೆ ಕೊಡೋದು ಅಪೊಸ್ತಲರ ಅಧಿಕಾರದಿಂದ್ಲೇ. ಒಬ್ಬೊಬ್ರೇ ತೀರಿಹೋದ್ರು, 1901ರಲ್ಲಿ ಕೊನೆಯೋರೂ ಹೋದ್ರು, ಅಲ್ಲಿಂದಾಚೆ ಒಬ್ಬ ಹೊಸ ಗುರುವಿಗೂ ದೀಕ್ಷೆ ಕೊಡೋಕಾಗ್ದೆ ಚರ್ಚುಗಳು ಖಾಲಿ ಆಗ್ತಾ ಬಂದವು. ಅವರಲ್ಲಿ ಬಹಳ ಜನ ಭಕ್ತಿವಂತರು. ಎಲ್ಲಾನೂ ಒಂದು ಸ್ಥಾನಕ್ಕೇ ಕಟ್ಟಿ ಹಾಕಿದ್ದಕ್ಕೆ ಹಂಗಾಯ್ತು.

ಆ ಫಾರ್ಮ್ ವಿಷ್ಯ ಹೇಳ್ತೀನಿ. ಇಲ್ಲೇ ದಾವಣಗೆರೆಯ ಒಂದು ಕಲ್ಯಾಣ ಮಂಟಪದಲ್ಲಿ ಪಾಸ್ಟರ್‌ಗಳ ಮೀಟಿಂಗ್‌ಗೆ ನಾನೂ ಹೋಗಿದ್ದೆ, ಹೊರಗಿಂದ ಬಂದ ಒಬ್ರು ಸ್ಟೇಜ್ ಮೇಲೆ ಸೋಫಾದಲ್ಲಿ ಕೂತಿದ್ರು, ಊಟ ಆದ್ಮೇಲೆ ಹಂಚಿದ ಫಾರ್ಮಲ್ಲಿ ನೀವು ಇವರ ಕವರಿಂಗ್, ಅಂದ್ರೆ ಆತ್ಮಿಕ ಅಧಿಕಾರದ ಕೆಳಗೆ ಬರ್ತೀರಿ, ಸಭೆಗೆ ಬರೋ ದಶಮಾಂಶದಲ್ಲಿ ಮತ್ತೆ ಹತ್ತರಲ್ಲೊಂದು ಪಾಲು ತಿಂಗಳು ತಿಂಗಳು ಕಳಿಸ್ಬೇಕು ಅಂತಿತ್ತು. ನನ್ನ ಪಕ್ಕ ಜಗಳೂರು ಕಡೆಯ ಒಬ್ಬ ಹುಡುಗ ಪಾಸ್ಟರ್, ಹತ್ತೋ ಹನ್ನೊಂದೋ ಮನೆ ಅವನ ಸಭೆ, ವಾರದಲ್ಲಿ ನಾಲ್ಕು ದಿನ ಗಾರೆ ಕೆಲಸಕ್ಕೆ ಹೋಗ್ತಾನೆ, ಉಗುರಿನ ಸಂದಿಯಲ್ಲಿ ಸಿಮೆಂಟ್ ಹಂಗೇ ಇತ್ತು. ಸೈನ್ ಹಾಕ್ಲಿಲ್ಲ ಅಂದ್ರೆ ಶಾಪ ತಟ್ಟುತ್ತಾ ಬ್ರದರ್ ಅಂತ ಮೆಲ್ಲಗೆ ಕೇಳಿದ. ಇಲ್ಲಪ್ಪ ಅಂತ ನಾನು ಅನ್ನೋದ್ರೊಳಗೆ ಪೆನ್ನು ಅವನ ಹತ್ರ ಬಂದುಬಿಟ್ಟಿತ್ತು, ಸೈನ್ ಹಾಕ್ದ. ಆ ಪೆನ್ನು ನಾನು ಕಿತ್ಕೋಬೇಕಿತ್ತು ಅಂತ ಈಗಲೂ ಅನ್ಸುತ್ತೆ. ಅಪೊಸ್ತಲರನ್ನ ದೇವರು ಎಲ್ಲರಿಗಿಂತ ಕೊನೇಲಿ, ಮರಣಕ್ಕೆ ನೇಮಿಸಿದೋರ ಹಂಗೆ ಇಟ್ಟಿದಾನೆ ಅಂತ ಪೌಲ 1 ಕೊರಿಂಥ 4ರಲ್ಲಿ ಬರೆದಿದ್ದಾನೆ, ಹಸಿವು ಬಾಯಾರಿಕೆ ಬಟ್ಟೆ ಇಲ್ಲದಿರೋದು ಎಲ್ಲಾ ಹೇಳಿ ನಾವು ಲೋಕದ ಕಸ ಆಗಿದೀವಿ ಅಂತಾನೆ. ಅದರಲ್ಲಿ ಸೋಫಾ ಎಲ್ಲಿ ಬರುತ್ತೆ?

ಪರೀಕ್ಷೆ ಮಾಡೋದು ತಪ್ಪು, ಅಭಿಷಿಕ್ತರನ್ನ ಪ್ರಶ್ನೆ ಮಾಡ್ಬಾರ್ದು ಅಂತ ಹೆದರಿಸೋರು ಇದಾರೆ. ಪ್ರಕಟನೆ 2:2ರಲ್ಲಿ ಯೇಸುವೇ ಎಫೆಸ ಸಭೇನ ಹೊಗಳ್ತಾರೆ, ಯಾಕೆ ಅಂದ್ರೆ ಅಪೊಸ್ತಲರು ಅಂತ ಹೇಳ್ಕೊಂಡು ಬಂದೋರನ್ನ ನೀನು ಪರೀಕ್ಷೆ ಮಾಡಿ ಸುಳ್ಳುಗಾರರು ಅಂತ ಕಂಡುಕೊಂಡೆ ಅಂತ. ದಿದಾಖೆ ಅಂತ ಒಂದು ಬಹಳ ಹಳೇ ಪುಸ್ತಕ ಇದೆ, ಬೈಬಲ್‌ಗೆ ಸೇರಿಲ್ಲ ಆದ್ರೆ ಮೊದಮೊದಲ ಸಭೆಗಳು ಹೆಂಗೆ ನಡೀತಿದ್ವು ಅನ್ನೋದು ಅದರಲ್ಲಿದೆ, ಅದರ ಪ್ರತಿ 1873ರಲ್ಲಿ ಕಾನ್‌ಸ್ಟಾಂಟಿನೋಪಲ್‌ನಲ್ಲಿ ಸಿಕ್ತು. ಅದರ ಪ್ರಕಾರ ಅಪೊಸ್ತಲ ಬಂದ್ರೆ ಕರ್ತನನ್ನ ಬರಮಾಡ್ಕೊಂಡ ಹಂಗೆ ಬರಮಾಡ್ಕೊಳ್ಳಿ, ಒಂದು ದಿನ ಇರ್ಲಿ, ಅಗತ್ಯ ಇದ್ರೆ ಇನ್ನೊಂದು ದಿನ, ಮೂರು ದಿನ ಉಳ್ಕೊಂಡ್ರೆ ಅವನು ಸುಳ್ಳು ಪ್ರವಾದಿ, ಹೊರಡುವಾಗ ಮುಂದಿನ ಊರು ಮುಟ್ಟೋ ತನಕ ಬೇಕಾಗೋ ರೊಟ್ಟಿ ಮಾತ್ರ ತಗೊಳ್ಳಲಿ, ದುಡ್ಡು ಕೇಳಿದ್ರೆ ಸುಳ್ಳು ಪ್ರವಾದಿ. ಆಗಿನ ಜನರಿಗೆ ಎಷ್ಟು ಅನುಭವ ಆಗಿರ್ಬೇಕು ಇಷ್ಟು ನೇರವಾಗಿ ಬರೆದಿಡೋಕೆ!

ಹಾಗಾದ್ರೆ ಈಗ ಅಪೊಸ್ತಲ ಸೇವೆ ಎಲ್ಲಿದೆ ಅಂತ ಕೇಳಿದ್ರೆ ನನಗೆ ನೆನಪಾಗೋದು ನಮ್ಮ ಸಭೆಯ ಒಬ್ಬ ಟೈಲರ್ ಅಕ್ಕ. ಪ್ರತಿ ಗುರುವಾರ ಬೆಳಗ್ಗೆ ಮಷೀನ್‌ಗೆ ಬಟ್ಟೆ ಹೊದಿಸಿ, ಡಬ್ಬಿಗೆ ರೊಟ್ಟಿ ಶೇಂಗಾ ಚಟ್ನಿ ಹಾಕ್ಕೊಂಡು ಭರಮಸಾಗರದ ಬಸ್ ಹತ್ತೋರು, ಕಾಯಿಲೆಯೋರ ಮನೆಗೆ ಹೋಗಿ ಕೂತು ಮಾತಾಡ್ಸಿ, ಕರೆದೋರ ಮನೇಲಿ ಪ್ರಾರ್ಥನೆ ಮಾಡಿ ಸಂಜೆ ವಾಪಸ್. ಹೊರಡೋ ಮುಂಚೆ ಸಭೆ ಹಿರಿಯರು ಪ್ರಾರ್ಥನೆ ಮಾಡಿ ಕಳಿಸೋರು, ಭಾನುವಾರ ಆಕೆ ಎಲ್ಲಾ ಹೇಳೋರು, ಬಸ್ ಚಾರ್ಜ್ ಲೆಕ್ಕದ ಸಮೇತ. ಒಂದೂರಲ್ಲಿ ಕೂಟ ನಿಂತ್ಕೊಂಡ ಮೇಲೆ ಅಲ್ಲಿಯ ಒಬ್ಬ ತಮ್ಮನಿಗೆ ಒಪ್ಪಿಸಿ ಇನ್ನೊಂದೂರಿಗೆ ಹೋದ್ರು. ಹಳೇ ಊರಿನೋರು ಬನ್ನಿ ಅಂತ ಫೋನ್ ಮಾಡಿದ್ರೆ, ನೀವೇ ನಡೆಸ್ಕೊಳ್ರಪ್ಪಾ ಹಬ್ಬಕ್ಕೆ ಬರ್ತೀನಿ ಅನ್ನೋರು. ಅಕ್ಕನನ್ನ ಯಾರೂ ಅಪೊಸ್ತಲೆ ಅಂತ ಕರೆದಿಲ್ಲ, ಕರೆದಿದ್ರೆ ಬೈತಿದ್ರು. ಆದ್ರೆ ಅಂತಿಯೋಕ್ಯದ ಸಭೆ ಮಾಡಿದ್ದು ನನಗೆ ಅರ್ಥ ಆಗಿದ್ದು ಆ ಅಕ್ಕನಿಂದ.

ನಿಮ್ಮ ಪಾಸ್ಟರ್ ಕೆಟ್ಟೋರು ಅಂತ ನಾನು ಹೇಳ್ತಿಲ್ಲ, ಅವರನ್ನ ನಾನು ನೋಡೂ ಇಲ್ಲ. ಯಾರೋ ಅವರಿಗೆ ಹಿಂಗೆ ಹಾಕ್ಕೊಳ್ಳಿ ಅಂತ ಹೇಳಿರ್ಬೋದು. ಬ್ಯಾನರ್ ವಿಷ್ಯಕ್ಕೆ ಸಭೇಲಿ ಜಗಳ ತೆಗೀಬೇಡಿ, ಇಷ್ಟು ದಿನ ಪಾಸ್ಟರ್ ಅಂತಿದ್ರಲ್ಲ ಹಂಗೇ ಕರೀರಿ. ಒಂದಿನ ಮನೆಗೆ ಚಾಕ್ಕೆ ಕರೆದು ಗೌರವದಿಂದ್ಲೇ ಕೇಳಿ, ಪಾಸ್ಟರ್ ನಿಮ್ಮನ್ನ ಯಾವ ಸಭೆ ಕಳಿಸಿದ್ದು, ಎಲ್ಲಿಗೆ ಕಳಿಸಿದ್ದು, ನೀವು ತಪ್ಪು ಮಾಡಿದ್ರೆ ನಿಮ್ಮನ್ನ ತಿದ್ದೋರು ಯಾರು ಅಂತ. ಪೇತ್ರ ತಪ್ಪಿದಾಗ ಪೌಲ ಮುಖದ ಮುಂದೆಯೇ ಹೇಳಿದ್ದ, ಗಲಾತ್ಯ 2ರಲ್ಲಿದೆ, ಅದನ್ನೂ ಜೊತೇಲಿ ಓದಿ. ಮುಂದಿನ ವಾರ ಹೊಸದುರ್ಗ ಕಡೆ ಒಂದು ಹಳ್ಳಿಗೆ ಹೊರಟಿದೀನಿ ಅಂತ ಹೇಳಿದ್ರೆ ನೀವೂ ಡಬ್ಬಿ ಕಟ್ಕೊಂಡು ಅವರ ಜೊತೆ ಬಸ್ ಹತ್ರಿ. ಕೇಳಿದ್ದಕ್ಕೇ ಸಿಟ್ಟು ಮಾಡ್ಕೊಂಡ್ರೆ ನನಗೆ ಮತ್ತೆ ಬರೀರಿ, ಅಲ್ಲಿ ತನಕ ಆ ಫಾರ್ಮ್‌ಗೆ ಸೈನ್ ಮಾತ್ರ ಹಾಕ್ಬೇಡಿ.