ಇತಿಹಾಸ ಎಂ.ಎ.ಯಲ್ಲಿ ಶಾಸನ ಓದುವುದು ತಪ್ಪಿದ್ದು ಎಲ್ಲಿ?

ಐಹೊಳೆಯ ಮೇಗುತಿ ಗುಡಿಯ ಗೋಡೆಯಲ್ಲಿ ರವಿಕೀರ್ತಿಯ ಶಾಸನ ಇದೆ ಎಂಬುದು ಬಿ.ಎ. ಮೊದಲ ವರ್ಷದವರಿಗೂ ಗೊತ್ತು. ಕಾಲ ಕ್ರಿ.ಶ. 634, ದೊರೆ ಇಮ್ಮಡಿ ಪುಲಕೇಶಿ, ಸೋತವನು ಹರ್ಷ. ಎರಡು ಅಂಕದ ಪ್ರಶ್ನೆಗೆ ಇಷ್ಟು ಸಾಕು. ಆ 634 ಎಲ್ಲಿಂದ ಬಂತು ಎಂದು ಕೇಳಿದರೆ ಎಂ.ಎ. ಮುಗಿಸಿದವರಲ್ಲೂ ಬಹಳ ಮಂದಿ ತಡವರಿಸುತ್ತಾರೆ. ಶಾಸನದಲ್ಲಿ ಕ್ರಿಸ್ತಶಕದ ಮಾತೇ ಇಲ್ಲ. ಅಲ್ಲಿರುವುದು ಭಾರತ ಯುದ್ಧ ಕಳೆದು 3735 ವರ್ಷ, ಶಕರಾಜರ ಲೆಕ್ಕದಲ್ಲಿ 556 ವರ್ಷ ಎಂಬ ಮಾತು. ಅದನ್ನೂ ಅಂಕಿಯಲ್ಲಿ ಕೊಟ್ಟಿಲ್ಲ, ಸಂಸ್ಕೃತ ಶ್ಲೋಕದ ಪದಗಳಲ್ಲಿ ಬಿಡಿಬಿಡಿಯಾಗಿ ಇಟ್ಟಿದ್ದಾರೆ. ಜೊತೆಗೆ ‘ಸಮತೀತಾಸು’ ಎಂಬ ಪದ ಇದೆ, ಅಂದರೆ ಕಳೆದುಹೋದ ವರ್ಷಗಳು. 556 ಕಳೆದು 557 ನಡೆಯುತ್ತಿದೆ ಎಂದು ಅರ್ಥ. ಕಳೆದ ಶಕವರ್ಷಕ್ಕೆ 78 ಕೂಡಿಸಿದರೆ 634. ಶಕವರ್ಷ ಚೈತ್ರದಲ್ಲಿ ಶುರುವಾಗುವುದರಿಂದ ಅದರ ಕೊನೆಯ ತಿಂಗಳುಗಳು 635ಕ್ಕೆ ಬೀಳುತ್ತವೆ. ಶಾಸನದಲ್ಲಿ ತಿಂಗಳು, ತಿಥಿ ಇಲ್ಲವಾದ್ದರಿಂದ 634–35 ಎಂದೇ ಬರೆಯಬೇಕು. ‘ಸಮತೀತಾಸು’ವನ್ನು ಗಮನಿಸದೆ ನಡೆಯುತ್ತಿರುವ ವರ್ಷ ಎಂದು ತಿಳಿದರೆ ಇಡೀ ಲೆಕ್ಕ ಒಂದು ವರ್ಷ ಹಿಂದಕ್ಕೆ ಸರಿಯುತ್ತದೆ.

ಇದನ್ನು ಕಲಿಸಲು ಅರ್ಧ ಗಂಟೆ ಬೇಕು. ಆ ಅರ್ಧ ಗಂಟೆ ನಮ್ಮ ಇತಿಹಾಸ ತರಗತಿಗಳಿಂದ ಹೊರಗೆ ಹೋದದ್ದರ ಹಿಂದೆ ನೂರು ವರ್ಷಗಳ ಬೆಳವಣಿಗೆ ಇದೆ. ಈಗಿನ ವಿದ್ಯಾರ್ಥಿಗಳ ಸೋಮಾರಿತನ ಎಂದು ತಳ್ಳಿಹಾಕುವುದು ತಪ್ಪು.

ಮೈಸೂರು ವಿಶ್ವವಿದ್ಯಾನಿಲಯ 1916ರಲ್ಲಿ ಶುರುವಾಗುವ ಹೊತ್ತಿಗೆ ಸಂಸ್ಥಾನದ ಶಾಸನಗಳು ಅಚ್ಚಾಗಿಬಿಟ್ಟಿದ್ದವು. ಬಿ.ಎಲ್. ರೈಸ್ 1886ರಿಂದ ಹೊರತಂದ ಎಪಿಗ್ರಾಫಿಯಾ ಕರ್ನಾಟಿಕಾದ 12 ಸಂಪುಟಗಳಲ್ಲಿ ಸುಮಾರು 9,000 ಶಾಸನಗಳಿದ್ದವು. ತಾಲ್ಲೂಕುವಾರು ಜೋಡಿಸಿ, ಒಂದೊಂದಕ್ಕೂ ಸಂಖ್ಯೆ ಕೊಟ್ಟ ಸಂಪುಟಗಳು ಅವು. ಹೊಸ ವಿಶ್ವವಿದ್ಯಾನಿಲಯದ ಇತಿಹಾಸ ಪ್ರಾಧ್ಯಾಪಕರಾಗಿ ರಾಧಾಕುಮುದ ಮುಖರ್ಜಿ ಬಂದರು. ಮುಂದೆ ಎಂ.ಎಚ್. ಕೃಷ್ಣ ಅವರ ಕಾಲದಲ್ಲಿ ಇತಿಹಾಸದ ಪ್ರಾಧ್ಯಾಪಕರೂ ಪುರಾತತ್ತ್ವ ಇಲಾಖೆಯ ನಿರ್ದೇಶಕರೂ ಒಬ್ಬರೇ ಆದರು. ಇಲಾಖೆಯ ವಾರ್ಷಿಕ ವರದಿಗಳ ಮುಖಪುಟದ ಮೇಲೆ ಮೈಸೂರು ವಿಶ್ವವಿದ್ಯಾನಿಲಯದ ಹೆಸರೇ ಅಚ್ಚಾಗುತ್ತಿತ್ತು. ಚಂದ್ರವಳ್ಳಿಯಲ್ಲಿ ಅಗೆದವರು, ಹಲ್ಮಿಡಿ ಶಾಸನವನ್ನು 1936ರಲ್ಲಿ ಬೆಳಕಿಗೆ ತಂದವರು ಮಹಾರಾಜಾ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದವರೇ. ಅದೇ ಕಾಲೇಜಿನ ಎಸ್. ಶ್ರೀಕಂಠ ಶಾಸ್ತ್ರಿಗಳು 1940ರಲ್ಲಿ ಕರ್ನಾಟಕ ಇತಿಹಾಸದ ಆಕರಗಳನ್ನು ಒಟ್ಟುಗೂಡಿಸಿ ಪುಸ್ತಕ ಮಾಡಿದರು. ಆಕರ ಮತ್ತು ಪಾಠ ಆಗ ಒಂದೇ ಸೂರಿನಡಿ ಇದ್ದವು.

ಉತ್ತರದಲ್ಲೂ ಹೀಗೆಯೇ ಶುರುವಾಯಿತು. ಧಾರವಾಡದಲ್ಲಿ 1939ರಲ್ಲಿ ಕನ್ನಡ ಸಂಶೋಧನ ಸಂಸ್ಥೆ ಹುಟ್ಟಿತು, ಆರ್.ಎಸ್. ಪಂಚಮುಖಿ ಅದರ ಹೊಣೆ ಹೊತ್ತರು. 1949ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯ ಬಂತು. ಕೇಂದ್ರ ಪುರಾತತ್ತ್ವ ಇಲಾಖೆಯ ಶಾಸನ ವಿಭಾಗದಲ್ಲಿ ಪಳಗಿದ್ದ ಪಿ.ಬಿ. ದೇಸಾಯಿ ಅಲ್ಲಿಗೆ ಬಂದು ಪ್ರಾಚೀನ ಭಾರತೀಯ ಇತಿಹಾಸ ಮತ್ತು ಶಾಸನಶಾಸ್ತ್ರ ವಿಭಾಗವನ್ನು ಬೆಳೆಸಿದರು.

ಬೇರ್ಪಡುವಿಕೆಯ ಬೀಜ ಇರುವುದು ಇಲ್ಲೇ. ಧಾರವಾಡದಲ್ಲಿ ಇತಿಹಾಸ ಒಂದು ವಿಭಾಗ, ಪ್ರಾಚೀನ ಇತಿಹಾಸ ಮತ್ತು ಶಾಸನಶಾಸ್ತ್ರ ಇನ್ನೊಂದು. ಮೈಸೂರಿನ ಮಾನಸಗಂಗೋತ್ರಿಯಲ್ಲೂ ಪ್ರಾಚೀನ ಇತಿಹಾಸ ಮತ್ತು ಪುರಾತತ್ತ್ವ ಬೇರೆ ವಿಭಾಗವಾಯಿತು. ಎಪಿಗ್ರಾಫಿಯಾದ ಪರಿಷ್ಕೃತ ಸಂಪುಟಗಳು 1972ರಿಂದ ಹೊರಬಂದದ್ದು ಕನ್ನಡ ಅಧ್ಯಯನ ಸಂಸ್ಥೆಯಿಂದ. ಕನ್ನಡ ಎಂ.ಎ.ಯವರಿಗೂ ಶಾಸನಶಾಸ್ತ್ರದ ಪತ್ರಿಕೆ ಇರುತ್ತದೆ. ವಿಶೇಷ ಪರಿಣತಿಗೆ ಇದರಿಂದ ಒಳ್ಳೆಯದೇ ಆಯಿತು, ಸಂಶಯವಿಲ್ಲ. ಆದರೆ ‘ಇತಿಹಾಸ’ ಎಂಬ ಫಲಕ ಹೊತ್ತ ವಿಭಾಗಕ್ಕೆ ಶಾಸನ ಪಕ್ಕದ ಮನೆಯ ಸ್ವತ್ತಾಯಿತು. ನಂತರ ಬಂದ ಹೊಸ ವಿಶ್ವವಿದ್ಯಾಲಯಗಳ ಪೈಕಿ ಹಲವೆಡೆ ಆ ಪಕ್ಕದ ಮನೆಯೂ ಇಲ್ಲ.

ಶಾಸನ ಹೋದರೆ ಹೋಯಿತು, ಆಧುನಿಕ ಕಾಲದ ಕಡತಗಳಾದರೂ ಸಿಕ್ಕಿದವೇ ಎಂದರೆ ಅಲ್ಲಿ 1956ರ ಏಕೀಕರಣದ ಗಂಟು ಇದೆ. ನಾಡು ಒಂದಾಯಿತು, ಹಳೆಯ ಸರ್ಕಾರಗಳ ದಾಖಲೆಗಳ ದೊಡ್ಡ ಪಾಲು ಇದ್ದಲ್ಲೇ ಉಳಿಯಿತು. ಹಳೇ ಮೈಸೂರಿನವರಿಗೆ ಬೆಂಗಳೂರಿನ ರಾಜ್ಯ ಪತ್ರಾಗಾರ ಇದೆ, ಅದು 1973ರಲ್ಲಿ ಆದದ್ದು. ಬೆಳಗಾವಿ, ಧಾರವಾಡ, ವಿಜಯಪುರದವರು ಮುಂಬಯಿಗೆ ಹೋಗಬೇಕು. ಪೇಶ್ವೆಯರ ಕಾಲ ಬೇಕಾದರೆ ಪುಣೆಗೆ, ಮರಾಠಿಯ ಹಳೆಯ ಮೋಡಿ ಲಿಪಿ ಕಲಿತುಕೊಂಡು. ಕಲಬುರಗಿ, ರಾಯಚೂರು, ಬೀದರಿನವರಿಗೆ ಹೈದರಾಬಾದ್, ಅಲ್ಲಿ ಉರ್ದು ಮತ್ತು ಪಾರಸಿ. ಬಳ್ಳಾರಿ 1953ರ ಅಕ್ಟೋಬರಿನವರೆಗೆ ಮದ್ರಾಸಿನಲ್ಲಿತ್ತು, ದಕ್ಷಿಣ ಕನ್ನಡ 1956ರವರೆಗೆ. ಇವೆರಡಕ್ಕೂ ಚೆನ್ನೈನ ಎಗ್ಮೋರಿಗೆ ಹೋಗಬೇಕು. ಉತ್ತರ ಕನ್ನಡದ ಪಾಡು ಇನ್ನೂ ಬೇರೆ: ಕೆನರಾ ಜಿಲ್ಲೆಯನ್ನು ಒಡೆದು, ಅದರ ಉತ್ತರದ ಭಾಗವನ್ನು 1862ರಲ್ಲಿ ಮುಂಬಯಿಗೆ ಸೇರಿಸಿದ್ದರಿಂದ, ಅದಕ್ಕೆ ಮುಂಚಿನ ಕಡತ ಚೆನ್ನೈನಲ್ಲಿ, ನಂತರದ್ದು ಮುಂಬಯಿಯಲ್ಲಿ. ಕಾರವಾರದ ಅರಣ್ಯದ ಮೇಲೋ ಉಪ್ಪಿನ ಮೇಲೋ ಪಿಎಚ್.ಡಿ. ಮಾಡುವವರು ಈ ಒಂದು ಇಸವಿಯನ್ನು ಮೊದಲೇ ತಿಳಿದಿರದಿದ್ದರೆ ಒಂದು ಪ್ರಯಾಣದ ಖರ್ಚು ವ್ಯರ್ಥ.

ಹತ್ತಿರದ ಆಕರ ಸಿಗದವರು ಪುಸ್ತಕದಿಂದ ಪುಸ್ತಕ ಬರೆಯುತ್ತಾರೆ. ಅದು ಹೀಗೆಯೇ ಅಭ್ಯಾಸವಾಯಿತು.

ಇದೇ ಅವಧಿಯಲ್ಲಿ ಬೋಧನೆ ಕನ್ನಡಕ್ಕೆ ಬಂತು. ಹಳ್ಳಿಯ ಮಕ್ಕಳು, ಮನೆಯಲ್ಲಿ ಮೊದಲ ಸಲ ಕಾಲೇಜು ಕಂಡವರು ಇತಿಹಾಸದಲ್ಲಿ ಎಂ.ಎ. ಮಾಡಿದ್ದು ಇದರಿಂದಲೇ. ಇದನ್ನು ನಷ್ಟದ ಕಡೆಗೆ ಬರೆಯುವವರ ಮಾತನ್ನು ಒಪ್ಪಲಾಗದು. ನಿಜ ಹೇಳಬೇಕೆಂದರೆ ಕನ್ನಡ ಮಾಧ್ಯಮದವರಿಗೇ ಕನ್ನಡ ಶಾಸನ ಹೆಚ್ಚು ಹತ್ತಿರವಾಗಬೇಕಿತ್ತು. ಆಗದೆ ಹೋದದ್ದಕ್ಕೆ ಕಾರಣ ಬಿ.ಎ. ಪದವಿಯ ಕಟ್ಟಡ. ಎಚ್‌ಇಪಿ, ಎಚ್‌ಇಕೆ, ಎಚ್‌ಇಎಸ್ (ಇತಿಹಾಸ, ಅರ್ಥಶಾಸ್ತ್ರದ ಜೊತೆಗೆ ರಾಜ್ಯಶಾಸ್ತ್ರ, ಕನ್ನಡ ಇಲ್ಲವೇ ಸಮಾಜಶಾಸ್ತ್ರ) ಎಂಬ ಮೂರು ಐಚ್ಛಿಕಗಳ ಗುಂಪಿನಲ್ಲಿ ಇತಿಹಾಸಕ್ಕೆ ಸಿಗುವುದು ಮೂರನೇ ಒಂದು ಪಾಲು. ಸೆಮಿಸ್ಟರಿನ ಹದಿನೈದು–ಹದಿನಾರು ವಾರಗಳಲ್ಲಿ ಶಾತವಾಹನರಿಂದ ವಿಜಯನಗರದವರೆಗೆ ಓಡಬೇಕು. ಉಳಿಯುವುದು ರಾಜವಂಶ, ಇಸವಿ, ‘ಕೊಡುಗೆಗಳು’. ಅದರ ಮೇಲೆ ಎಫ್‌ಡಿಎ, ಎಸ್‌ಡಿಎ, ಕೆಎಎಸ್ ಪರೀಕ್ಷೆಗಳ ಒತ್ತಡ. ಆ ಪರೀಕ್ಷೆಗಳಿಗೆ ಬೇಕಾದ್ದೂ ಇಸವಿಯೇ. ಹೀಗೆ ನೋಟ್ಸ್ ಮತ್ತು ಗೈಡುಗಳು ಪಠ್ಯದ ಜಾಗಕ್ಕೆ ಬಂದವು. ಅಂಚೆ ಮತ್ತು ತೆರಪಿನ ಶಿಕ್ಷಣದವರಿಗೆಂದು ಅಚ್ಚಾದ ಪಾಠಗಳನ್ನು ರೆಗ್ಯುಲರ್ ವಿದ್ಯಾರ್ಥಿಗಳೂ ಹಿಡಿದುಕೊಂಡರು.

2021–22ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯ ಹೆಸರಿನಲ್ಲಿ ನಾಲ್ಕು ವರ್ಷದ ಆನರ್ಸ್ ಬಂದಾಗ ಎರಡು ಮುಖ್ಯ ವಿಷಯಗಳಾದವು, ಇತಿಹಾಸಕ್ಕೆ ಜಾಗ ಹೆಚ್ಚಿತು. ಆದರೆ 2024ರ ಮೇ ತಿಂಗಳಲ್ಲಿ ಸರ್ಕಾರ ಮತ್ತೆ ಮೂರು ವರ್ಷದ ಪದವಿಗೆ ಮರಳಿತು. ಆ ಪದ್ಧತಿಯ ಮೊದಲ ತಂಡ 2027ರಲ್ಲಿ ಹೊರಬರುತ್ತದೆ. ಈ ನಡುವೆ ಎಂ.ಎ.ಗೆ ಬರುವವರ ಅಂಕಪಟ್ಟಿಗಳು ಒಂದರ ಹಾಗೆ ಒಂದಿಲ್ಲ. ಒಬ್ಬರು ಪುರಾತತ್ತ್ವದ ಪರಿಚಯ ಓದಿರುತ್ತಾರೆ, ಪಕ್ಕದಲ್ಲಿ ಕೂತವರು ಓದಿರುವುದಿಲ್ಲ. ಮೊದಲ ಸೆಮಿಸ್ಟರಿನಲ್ಲೇ ಆಕರಗಳ ಪಾಠ ಇಡಬೇಕೆಂದು ವಿಭಾಗಗಳಿಗೆ ಹೇಳಲು ಈ ಕಾರಣ ಒಂದೇ ಸಾಕು.

ಸಂಶೋಧನೆಯ ಮಟ್ಟದಲ್ಲಿ ದೊಡ್ಡ ತಿರುವು ವಿಶ್ವವಿದ್ಯಾಲಯ ಧನಸಹಾಯ ಆಯೋಗದ (ಯುಜಿಸಿ) 2009ರ ನಿಯಮ. ಕೋರ್ಸ್‌ವರ್ಕ್ ಕಡ್ಡಾಯವಾಯಿತು, ಪ್ರಬಂಧಗಳು ಶೋಧಗಂಗಾ ಎಂಬ ಆನ್‌ಲೈನ್ ಭಂಡಾರಕ್ಕೆ ಹೋಗಬೇಕಾಯಿತು. 2022ರ ನವೆಂಬರಿನ ನಿಯಮ ಎಂ.ಫಿಲ್. ಅನ್ನು ನಿಲ್ಲಿಸಿತು. ಇದರ ಪೆಟ್ಟು ಇತಿಹಾಸಕ್ಕೆ ಜೋರಾಗಿಯೇ ಬಿತ್ತು. ಎಂ.ಫಿಲ್. ಅವಧಿಯಲ್ಲಿ ಒಂದು ತಾಲ್ಲೂಕಿನ ಶಾಸನವೋ ಒಂದು ಮಠದ ಕಡತವೋ ಹಿಡಿದು ಕೈ ಪಳಗಿಸಿಕೊಳ್ಳಲು ಆಗುತ್ತಿತ್ತು. ಈಗ ಎಂ.ಎ. ಮುಗಿಸಿ ನೇರ ಪಿಎಚ್.ಡಿ.ಗೆ ಬರಬೇಕು. ಕೋರ್ಸ್‌ವರ್ಕ್ ಸೇರಿ ಕನಿಷ್ಠ 3 ವರ್ಷ, ಗರಿಷ್ಠ 6 ವರ್ಷ. ಮಹಿಳೆಯರಿಗೆ ಮತ್ತು ಶೇ. 40ಕ್ಕಿಂತ ಹೆಚ್ಚಿನ ಅಂಗವಿಕಲತೆ ಇರುವವರಿಗೆ ಇನ್ನೆರಡು ವರ್ಷ ಸಡಿಲಿಕೆ. ಮಾರ್ಗದರ್ಶಕರು ಪ್ರೊಫೆಸರ್ ಆಗಿದ್ದರೆ 8, ಅಸೋಸಿಯೇಟ್ ಆಗಿದ್ದರೆ 6, ಅಸಿಸ್ಟೆಂಟ್ ಆಗಿದ್ದರೆ 4 ಜನರನ್ನು ತೆಗೆದುಕೊಳ್ಳಬಹುದು.

ಸೇರುವ ದಾರಿಯಲ್ಲಿ ಭಾಷೆಯ ಅಡ್ಡಗೋಡೆಯೂ ಇದೆ. ಅಧ್ಯಾಪಕರ ಅರ್ಹತೆಗೂ ಸಂಶೋಧನಾ ಫೆಲೋಶಿಪ್ಪಿಗೂ ನಡೆಯುವ ರಾಷ್ಟ್ರಮಟ್ಟದ ನೆಟ್ ಪರೀಕ್ಷೆಯಲ್ಲಿ 150 ಪ್ರಶ್ನೆ, 300 ಅಂಕ, 3 ಗಂಟೆ. ಇತಿಹಾಸದ ಪ್ರಶ್ನೆಪತ್ರಿಕೆ ಬರುವುದು ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರ. ರಾಜ್ಯದ ಅರ್ಹತಾ ಪರೀಕ್ಷೆಯಾದ ಕೆ-ಸೆಟ್‌ನಲ್ಲಿ ಕನ್ನಡ ಇದೆ, ಆದರೆ ಅದರಿಂದ ಜೆಆರ್‌ಎಫ್ ಸಿಗುವುದಿಲ್ಲ. ತಿಂಗಳಿಗೆ 37,000 ರೂಪಾಯಿಯ ಆ ಫೆಲೋಶಿಪ್ ಇಲ್ಲದವರು ಅತಿಥಿ ಉಪನ್ಯಾಸಕರಾಗಿ ದುಡಿಯುತ್ತ ಸಂಶೋಧನೆ ಮಾಡುತ್ತಾರೆ. ಮುಂಬಯಿ, ಹೈದರಾಬಾದಿನ ಪತ್ರಾಗಾರಕ್ಕೆ ಹೋಗಿ ಹದಿನೈದು ದಿನ ಕೂರಲು ಅವರಿಗೆ ರಜೆಯೂ ಇಲ್ಲ, ಹಣವೂ ಇಲ್ಲ. ಪ್ರಬಂಧದ ಗುಣಮಟ್ಟದ ಬಗ್ಗೆ ಮಾತಾಡುವವರು ಈ ಲೆಕ್ಕವನ್ನು ಮೊದಲು ಹಾಕಬೇಕು.

ಕೃತಿಚೌರ್ಯದ 2018ರ ನಿಯಮದ್ದು ಬೇರೆಯೇ ತೊಡಕು. ಹೋಲಿಕೆ ಶೇ. 10ರವರೆಗೆ ಇದ್ದರೆ ದಂಡವಿಲ್ಲ, 10ರಿಂದ 40 ಇದ್ದರೆ ತಿದ್ದಿ ಮತ್ತೆ ಸಲ್ಲಿಸಬೇಕು, 40ರಿಂದ 60 ಇದ್ದರೆ ಒಂದು ವರ್ಷ ತಡೆ, 60 ದಾಟಿದರೆ ರಿಜಿಸ್ಟ್ರೇಷನ್ ರದ್ದು. ಕನ್ನಡ ಪ್ರಬಂಧವನ್ನು ಯುನಿಕೋಡ್ ಅಲ್ಲದ ಹಳೆಯ ಆಸ್ಕಿ ಫಾಂಟಿನಲ್ಲಿ ಟೈಪ್ ಮಾಡಿದ್ದರೆ ತಂತ್ರಾಂಶಕ್ಕೆ ಕಾಣುವುದು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ, ಹೋಲಿಕೆ ಸೊನ್ನೆ ಎಂದು ಬರುತ್ತದೆ. ಕದ್ದವರು ಪಾರಾಗುತ್ತಾರೆ. ಶ್ರಮಪಟ್ಟು ಬರೆದವರ ಪ್ರಬಂಧವೂ ಹುಡುಕಿದಾಗ ಯಾರಿಗೂ ಸಿಗುವುದಿಲ್ಲ. ಮೊದಲ ಅಧ್ಯಾಯದಿಂದಲೇ ಯುನಿಕೋಡಿನಲ್ಲಿ ಬರೆಯುವುದು ಒಳ್ಳೆಯದು. ಕೊನೆಯಲ್ಲಿ ಪರಿವರ್ತಿಸಲು ಹೋದರೆ ಒತ್ತಕ್ಷರ, ಅರ್ಕಾವತ್ತು ಕೆಡುತ್ತವೆ, ಶಾಸನಪಾಠದಲ್ಲಿ ಬರುವ ಱ, ೞ ಅಕ್ಷರಗಳು ಕಾಣೆಯಾಗುತ್ತವೆ.

ಇಷ್ಟರ ನಡುವೆ ಕಲಿಯಬೇಕೆಂದು ಹಟ ಹಿಡಿದ ವಿದ್ಯಾರ್ಥಿಗೆ ದಾರಿ ಇದೆ. ಎಂ.ಎ. ಕೊನೆಯ ಸೆಮಿಸ್ಟರಿನ ಕಿರುಪ್ರಬಂಧವೇ ಅದಕ್ಕೆ ತಕ್ಕ ಜಾಗ. ‘ಇಂಥ ಜಿಲ್ಲೆಯ ಸಾಂಸ್ಕೃತಿಕ ಇತಿಹಾಸ: ಒಂದು ಅಧ್ಯಯನ’ ಎಂಬ ವಿಷಯ ನಾಲ್ಕು ತಿಂಗಳಲ್ಲಿ ಗ್ಯಾಸೆಟಿಯರ್ ನಕಲಾಗಿ ಮುಗಿಯುತ್ತದೆ. ಅದರ ಬದಲು ಎಪಿಗ್ರಾಫಿಯಾದ ಒಂದು ಸಂಪುಟದಿಂದ ಒಂದು ತಾಲ್ಲೂಕಿನ ಮೂವತ್ತು–ನಲವತ್ತು ಶಾಸನ ಆರಿಸಿಕೊಂಡು ಪಟ್ಟಿ ಮಾಡಬೇಕು: ಸಂಖ್ಯೆ, ಊರು, ಶಕವರ್ಷ, ಸಂವತ್ಸರ, ದೊರೆ, ದಾನಿ, ದಾನ ಪಡೆದವರು, ಭೂಮಿಯ ಅಳತೆ, ಗದ್ಯಾಣ (ಹಳೆಯ ಚಿನ್ನದ ನಾಣ್ಯ), ಸಾಕ್ಷಿಗಳು, ಬರೆದವನು, ಕೆತ್ತಿದವನು. ಶಕವರ್ಷಕ್ಕೂ ಸಂವತ್ಸರಕ್ಕೂ ತಾಳೆ ಬೀಳದ ಶಾಸನ ಖಂಡಿತ ಸಿಗುತ್ತದೆ. ಅಲ್ಲಿಂದ ಪ್ರಶ್ನೆ ಹುಟ್ಟುತ್ತದೆ: ಕೆತ್ತಿದವನ ತಪ್ಪೇ, ನಂತರ ಕೆತ್ತಿಸಿದ ಪ್ರತಿಯೇ, ಅಥವಾ ಕೂಟಶಾಸನವೇ (ನಕಲಿ ಶಾಸನವೇ)? ಅಳತೆಯ ಕಾಲಮಿನಲ್ಲಿ ಎಡವುವವರು ಹೆಚ್ಚು. ಭೂಮಿಯ ಹಳೆಯ ಅಳತೆಯಾದ ‘ಮತ್ತರು’ ಕಂಡ ಕೂಡಲೇ ಎಕರೆಗೆ ಪರಿವರ್ತಿಸಬಾರದು. ಮತ್ತರಿನ ಗಾತ್ರ ಅಳೆದ ಗಳೆಯ (ಅಳತೆ ಕೋಲಿನ) ಉದ್ದದ ಮೇಲೆ ನಿಂತಿತ್ತು, ಗಳೆ ಊರಿಂದೂರಿಗೆ ಬದಲಾಗುತ್ತಿತ್ತು. ಶಾಸನವೇ ‘ಇಂಥ ಗಳೆಯಲು’ ಎಂದು ಹೇಳಿದ್ದರೆ ಆ ಹೆಸರನ್ನೂ ಪಟ್ಟಿಗೆ ತರಬೇಕು.

ಒಂದು ಶಾಸನವನ್ನಾದರೂ ಕಲ್ಲಿನ ಮುಂದೆ ನಿಂತು ಓದಬೇಕು. ಪಡಿಯಚ್ಚು (ಕಲ್ಲಿನ ಅಕ್ಷರಗಳ ಕಾಗದದ ನಕಲು) ತೆಗೆಯುವ ಕ್ರಮ ಸರಳ, ಕೈ ಮಾತ್ರ ನಿಧಾನ ಬೇಕು. ಕಲ್ಲನ್ನು ನೀರು ಮತ್ತು ಮೆತ್ತನೆಯ ಬ್ರಶ್ಶಿನಿಂದ ತೊಳೆದು, ನೆನೆಸಿದ ಕಾಗದ ಹೊದಿಸಿ, ಗಾಳಿಗುಳ್ಳೆ ಉಳಿಯದಂತೆ ಬ್ರಶ್ಶಿನಿಂದ ಬಡಿದು ಅಕ್ಷರದ ಕುಳಿಯೊಳಗೆ ಕಾಗದ ಇಳಿಸಬೇಕು. ಕಾಗದ ಅರೆ ಒಣಗಿದಾಗ ಮಸಿಯ ಉಂಡೆಯಿಂದ ಹಗುರಾಗಿ ತಟ್ಟಬೇಕು. ಅಕ್ಷರ ಬಿಳಿ, ಮೈ ಕಪ್ಪು ಆಗುತ್ತದೆ. ಹಸಿ ಇದ್ದಾಗಲೇ ಮಸಿ ಹಚ್ಚಿದರೆ ಅದು ಕುಳಿಗೆ ಹರಿದು ಪ-ವ-ಮ ಒಂದೇ ಥರ ಕಾಣುತ್ತವೆ. ಸಂರಕ್ಷಿತ ಸ್ಮಾರಕದಲ್ಲಿ ಅನುಮತಿ ಇಲ್ಲದೆ ಕಾಗದ ತಾಗಿಸುವಂತಿಲ್ಲ. ಸುಣ್ಣ, ಸೀಮೆಸುಣ್ಣ, ಎಣ್ಣೆ ಎಲ್ಲಿಯೂ ಹಚ್ಚಬಾರದು. ಅನುಮತಿ ಸಿಗದಿದ್ದರೆ ಸಂಜೆ ಓರೆ ಬೆಳಕಿನಲ್ಲಿ ಎಡದಿಂದ ಒಂದು, ಬಲದಿಂದ ಒಂದು ಫೋಟೊ ತೆಗೆದರೂ ಬಹಳಷ್ಟು ಓದಲಾಗುತ್ತದೆ.

ಪತ್ರಾಗಾರದಲ್ಲಿ ಆಗುವ ತಪ್ಪು ಇನ್ನೂ ಚಿಕ್ಕದು, ಕೊಡುವ ನೋವು ದೊಡ್ಡದು. ಫೋನಿನಲ್ಲಿ ನೂರಾರು ಪುಟ ಹಿಡಿದುಕೊಂಡು ಬರುತ್ತಾರೆ, ಕಡತದ ಹೊದಿಕೆಯ ಫೋಟೊ ಇರುವುದಿಲ್ಲ. ಇಲಾಖೆ, ಕಡತದ ಸಂಖ್ಯೆ, ಇಸವಿ, ಕ್ರಮಸಂಖ್ಯೆ ಇಲ್ಲದ ಪುಟ ಅಡಿಟಿಪ್ಪಣಿಗೆ ಬಾರದು. ಪ್ರತಿ ಕಡತಕ್ಕೂ ಮೊದಲ ಫೋಟೊ ಹೊದಿಕೆಯದ್ದೇ ಆಗಬೇಕು.

ಇನ್ನು ಪಿಎಚ್.ಡಿ.ಗೆ ಸೇರಿದವರ ಮಾತು. ಕೋರ್ಸ್‌ವರ್ಕ್ ಕನಿಷ್ಠ 12 ಕ್ರೆಡಿಟ್. ಸಂಶೋಧನಾ ವಿಧಾನ, ಪ್ರಕಟಣಾ ನೀತಿ ಕಳೆದು ಉಳಿಯುವ ಕ್ರೆಡಿಟ್‌ಗಳನ್ನು ಲಿಪಿಗೆ ಮೀಸಲಿಡಲು ವಿಭಾಗ ಮನಸ್ಸು ಮಾಡಬಹುದು: ಹಳಗನ್ನಡ ಶಾಸನವೋ, ಮೋಡಿಯೋ, ಪಾರಸಿಯೋ, ವಿಷಯಕ್ಕೆ ತಕ್ಕದ್ದು. ಕಲಿಸುವವರು ಇತಿಹಾಸ ವಿಭಾಗದಲ್ಲೇ ಇರಬೇಕೆಂದಿಲ್ಲ. 2022ರ ನಿಯಮ ಸಹ ಮಾರ್ಗದರ್ಶಕರನ್ನು ಅದೇ ಸಂಸ್ಥೆಯ ಬೇರೆ ವಿಭಾಗದಿಂದಲೂ ಹೊರಗಿನ ಸಂಸ್ಥೆಯಿಂದಲೂ ತೆಗೆದುಕೊಳ್ಳಲು ಬಿಡುತ್ತದೆ. ಕನ್ನಡ ವಿಭಾಗದಲ್ಲಿ ಶಾಸನಪತ್ರಿಕೆ ಹೇಳುವ ಅಧ್ಯಾಪಕರ ಹೆಸರನ್ನು ಸಿನಾಪ್ಸಿಸ್ ಸಲ್ಲಿಸುವ ದಿನವೇ ಸಹ ಮಾರ್ಗದರ್ಶಕರ ಜಾಗದಲ್ಲಿ ಬರೆಸಿಕೊಳ್ಳಬೇಕು. ಮೂರನೇ ವರ್ಷ ಓಲೆ, ಕಡತ ಕೈಗೆ ಬಂದಾಗ ಕೇಳಲು ಹೋದರೆ ಸಮಿತಿಯ ಒಪ್ಪಿಗೆಗೇ ಒಂದು ಸೆಮಿಸ್ಟರ್ ಹೋಗುತ್ತದೆ.