ಪತ್ತನಾಜೆಗೆ ಕಾಯದ ಮಳೆ

ತುಳುವರ ಬೇಶ ತಿಂಗಳ ಹತ್ತನೆಯ ದಿನ, ಅಂದರೆ ಮೇ 24 ಅಥವಾ 25ರಂದು, ಪತ್ತನಾಜೆ. ಅಂದು ಯಕ್ಷಗಾನ ಮೇಳಗಳು ಊರೂರು ಸುತ್ತಿ ಆಡುವ ತಿರುಗಾಟ ಮುಗಿಸುತ್ತವೆ, ಕಲಾವಿದರು ದೇವರ ಮುಂದೆ ಗೆಜ್ಜೆ ಬಿಚ್ಚುತ್ತಾರೆ, ದೈವಗಳ ಕೋಲ-ನೇಮಗಳೂ ನಿಲ್ಲುತ್ತವೆ. 2025ರಲ್ಲಿ ನೈಋತ್ಯ ಮುಂಗಾರು ಕೇರಳವನ್ನು ಮುಟ್ಟಿದ್ದು ಮೇ 24ರಂದು, ವಾಡಿಕೆಗಿಂತ ಎಂಟು ದಿನ ಮೊದಲು. ಆದರೆ ಮಂಗಳೂರು, ಉಡುಪಿಗಳಲ್ಲಿ ಅದಕ್ಕೂ ಮುಂಚೆಯೇ ಮಳೆ ಹಿಡಿದುಕೊಂಡಿತ್ತು. ತಿರುಗಾಟದ ಕೊನೆಯ ವಾರದ ಆಟಗಳಿಗೆ, ಅಂದರೆ ಪ್ರದರ್ಶನಗಳಿಗೆ, ಗದ್ದೆ ಬಯಲಿನಲ್ಲಿ ಜಾಗವಿರಲಿಲ್ಲ.

ಪತ್ತನಾಜೆಯನ್ನು ನಾವು ಸಾಮಾನ್ಯವಾಗಿ ಧಾರ್ಮಿಕ ಕಟ್ಟಳೆಯೆಂದೇ ನೋಡುತ್ತೇವೆ. ಅದು ಮಳೆಯ ಜೊತೆ ಹಿರಿಯರು ಮಾಡಿಕೊಂಡ ಒಪ್ಪಂದವೂ ಹೌದು. ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ ಬೀಳುವ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕೇ ತಿಂಗಳಲ್ಲಿ ಸುರಿದುಹೋಗುವ ಈ ಕರಾವಳಿಯಲ್ಲಿ ರಂಗಸ್ಥಳಕ್ಕೆ ಸಿಗುತ್ತಿದ್ದ ಜಾಗವೆಂದರೆ ಏಣೆಲು, ಅಂದರೆ ಮುಂಗಾರಿನ ಭತ್ತದ ಬೆಳೆ ಕೊಯ್ದು ಒಣಗಿದ ಗದ್ದೆ. ಕೊಯ್ಲು ಮುಗಿಯುವುದು ದೀಪಾವಳಿಯ ಹೊತ್ತಿಗೆ; ಮೇಳ ಹೊರಡುವುದು ಅದರ ನಂತರ. ದೊಂದಿಯ ಬೆಳಕು ಹೋಗಿ ಗ್ಯಾಸ್‌ಲೈಟ್ ಬಂತು, ಅದೂ ಹೋಗಿ ವಿದ್ಯುತ್ ಬಂತು. ಟಿಕೆಟ್ ಇಟ್ಟು ಆಡುವ ಡೇರೆ ಮೇಳಗಳು ಹುಟ್ಟಿ ಮೆರೆದವು. ಸಾಲಿಗ್ರಾಮ, ಪೆರ್ಡೂರು ಮೇಳಗಳು ಆ ಸಾಲಿನವು. ಇಷ್ಟೆಲ್ಲ ಬದಲಾದರೂ ತಿರುಗಾಟದ ಎರಡು ತುದಿಗಳು ಮಾತ್ರ ಅಲುಗಲಿಲ್ಲ.

ಈಗ ಅಲುಗುತ್ತಿರುವುದು ಆ ತುದಿಗಳೇ. 2018ರಲ್ಲಿ ಪತ್ತನಾಜೆ ಕಳೆದು ನಾಲ್ಕೈದು ದಿನಕ್ಕೆ, ಮೇ 29ರಂದು, ಮಂಗಳೂರು ನಗರವೇ ನೀರಿನಲ್ಲಿ ನಿಂತಿತು. 2019ರ ದೀಪಾವಳಿಯ ಹೊತ್ತಿಗೆ ಅರಬ್ಬೀ ಸಮುದ್ರದಲ್ಲಿ ‘ಕ್ಯಾರ್’ ಚಂಡಮಾರುತ, ಅದರ ಬೆನ್ನಿಗೇ ‘ಮಹಾ’. 2021ರ ಮೇ ತಿಂಗಳ ‘ತೌಕ್ತೆ’ ದಕ್ಷಿಣ ಕನ್ನಡ, ಉಡುಪಿ ಜಿಲ್ಲೆಗಳ ಕಡಲಂಚನ್ನು ಕೊರೆಯಿತು. ಆ ವರ್ಷ ಕೊರೊನಾದಿಂದ ಮೇಳಗಳು ಮೊದಲೇ ನಿಂತಿದ್ದವು, ಇಲ್ಲದಿದ್ದರೆ ಎಷ್ಟು ಡೇರೆ ಹಾರಿಹೋಗುತ್ತಿತ್ತೋ. ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯ ವಿಜ್ಞಾನಿಗಳ ಲೆಕ್ಕದ ಪ್ರಕಾರ, 1982ರಿಂದ 2000ದವರೆಗಿನ ಅವಧಿಗೆ ಹೋಲಿಸಿದರೆ 2001ರಿಂದ 2019ರ ನಡುವೆ ಅರಬ್ಬೀ ಸಮುದ್ರದ ಚಂಡಮಾರುತಗಳ ಸಂಖ್ಯೆ ಶೇ 52ರಷ್ಟು ಹೆಚ್ಚಿದೆ. ಸಮುದ್ರದ ಮೇಲ್ಮೈ ಕಾದಿರುವುದೇ ಇದಕ್ಕೆ ಮುಖ್ಯ ಕಾರಣ. ಈ ಚಂಡಮಾರುತಗಳು ಹೆಚ್ಚಾಗಿ ಏಳುವುದು ಮುಂಗಾರಿನ ಮುಂಚೆ ಮತ್ತು ನಂತರ. ಮೇಳ ಗೆಜ್ಜೆ ಕಟ್ಟುವುದೂ ಬಿಚ್ಚುವುದೂ ಸರಿಯಾಗಿ ಅದೇ ಹೊತ್ತಿಗೆ.

ಅಕಾಲದ ಮಳೆ ಆಟಕ್ಕೆ ಏನು ಮಾಡುತ್ತದೆ ಎಂಬುದು ತಿಳಿಯಬೇಕಾದರೆ ಕಲಾವಿದರು ಬಣ್ಣ ಹಚ್ಚಿ ವೇಷ ಕಟ್ಟುವ ಚೌಕಿಗೆ ಹೋಗಬೇಕು. ಕೆಲವು ವರ್ಷಗಳ ಹಿಂದೆ, ನವೆಂಬರ್ ಕೊನೆಯಲ್ಲಿ, ಬ್ರಹ್ಮಾವರದ ಕಡೆಯ ಒಂದು ಬಯಲಾಟದಲ್ಲಿ ಎಂಟು ಗಂಟೆಗೆ ಮಳೆ ಹನಿಯಿತು. ಪ್ರೇಕ್ಷಕರು ಕುಳಿತಿದ್ದ ಪ್ಲಾಸ್ಟಿಕ್ ಕುರ್ಚಿಗಳನ್ನೇ ತಲೆಯ ಮೇಲೆ ಕವುಚಿಕೊಂಡು ನಿಂತರು. ನಮ್ಮೂರಿನ ಮಟ್ಟಿಗೆ ಅದೂ ಒಂದು ಕೊಡೆ. ಚೌಕಿಯಲ್ಲಿ ಬಣ್ಣದ ವೇಷಧಾರಿ ಮುಖದ ಮೇಲೆ ಅಕ್ಕಿಹಿಟ್ಟಿನ ಚಿಟ್ಟಿ ಇಡುತ್ತಾ ಅರ್ಧ ದಾರಿಗೆ ಬಂದಿದ್ದರು, ಆದರೆ ಥಂಡಿ ಗಾಳಿಗೆ ಚಿಟ್ಟಿ ಒಣಗುತ್ತಲೇ ಇರಲಿಲ್ಲ. ಮದ್ದಳೆಗಾರರು ಮದ್ದಳೆಯನ್ನು ಮಗುವಿನಂತೆ ತೊಡೆಯ ಮೇಲೆ ಮಲಗಿಸಿಕೊಂಡು, ಹ್ಯಾಲೊಜೆನ್ ದೀಪಕ್ಕೆ ಅದರ ಚರ್ಮದ ಮುಚ್ಚಿಗೆಯೊಡ್ಡಿ, ನಡುನಡುವೆ ಬೆರಳಿನಿಂದ ಮೀಟಿ ಕಿವಿಗೊಡುತ್ತಿದ್ದರು. ತೇವ ಹೀರಿದ ಚರ್ಮ ಸಡಿಲವಾದರೆ ಶ್ರುತಿ ಇಳಿಯುತ್ತದೆ; ಭಾಗವತರ ಶ್ರುತಿಗೆ ಕೂಡದ ಮದ್ದಳೆ ಆ ರಾತ್ರಿಯ ಮಟ್ಟಿಗೆ ಬರಿಯ ಮರ. ಕಿರೀಟ, ಭುಜಕೀರ್ತಿಗಳು ಹಗುರ ಮರಕ್ಕೆ ಬೇಗಡೆ ಅಂಟಿಸಿ ಮಾಡಿದವು. ಒಮ್ಮೆ ನೆಂದರೆ ಅಂಟು ಬಿಡುತ್ತದೆ, ಒದ್ದೆಯಲ್ಲೇ ಪೆಟ್ಟಿಗೆ ಸೇರಿದರೆ ಬೂಷ್ಟು ಹಿಡಿಯುತ್ತದೆ. ಮರುದಿನ ಇನ್ನೊಂದೂರಿನಲ್ಲಿ ಆಟವಿರುವಾಗ ಒಣಗಿಸಲು ಬಿಸಿಲೂ ಇಲ್ಲ, ಪುರುಸೊತ್ತೂ ಇಲ್ಲ.

ಸೆಖೆಯದು ಇನ್ನೊಂದು ಕಥೆ. ಕರಾವಳಿಯಲ್ಲಿ ಉಷ್ಣಾಂಶ 37 ಡಿಗ್ರಿ ದಾಟಿ ವಾಡಿಕೆಗಿಂತ ನಾಲ್ಕೂವರೆ ಡಿಗ್ರಿ ಹೆಚ್ಚಿದರೆ ಹವಾಮಾನ ಇಲಾಖೆ ಅದನ್ನು ಬಿಸಿಗಾಳಿ ಎಂದು ಪರಿಗಣಿಸುತ್ತದೆ. 2023ರ ಮಾರ್ಚ್ ಆರಂಭದಲ್ಲೇ ಇಲ್ಲಿಗೆ ಅಂಥ ಮುನ್ನೆಚ್ಚರಿಕೆ ಬಂದಿತ್ತು. ರಾತ್ರಿಯ ಆಟಕ್ಕೆ ಹಗಲಿನ ಬಿಸಿಲು ಏನು ಮಾಡೀತು ಎನ್ನಬಹುದು. ಆದರೆ ಈಗ ಬಹಳಷ್ಟು ಆಟಗಳು ಸಂಜೆಯೇ ಶುರುವಾಗುತ್ತವೆ. ಎದೆಕಟ್ಟು, ದಗಲೆ, ಕಿರೀಟ ತೊಟ್ಟು ನೆಗೆದು ಸುತ್ತುವ ದಿಗಿಣ ಹೊಡೆಯುವವರಿಗೆ ಆ ಹೊತ್ತಿನ ಬೇಗೆ ಸಣ್ಣದಲ್ಲ.

ಆಟ ಸಂಜೆಗೆ ಬಂದದ್ದು ಹವಾಮಾನದ ಕಾರಣಕ್ಕಲ್ಲ. ರಾತ್ರಿ ಹತ್ತರ ಮೇಲೆ ಧ್ವನಿವರ್ಧಕ ಬಳಸಬಾರದೆಂಬ 2000ದ ಶಬ್ದಮಾಲಿನ್ಯ ನಿಯಮ, ನಿದ್ದೆಗೆಡಲು ಒಲ್ಲದ ಪ್ರೇಕ್ಷಕರು, ಇವೆರಡೂ ಸೇರಿ ಕಾಲಮಿತಿ ಪ್ರದರ್ಶನವನ್ನು ತಂದವು. 2022ರಲ್ಲಿ ಕಟೀಲು ಮೇಳಗಳೂ ಕೆಲಕಾಲ ಆ ದಾರಿ ಹಿಡಿದವು. ಬಯಲಿನಿಂದ ಸಭಾಭವನಕ್ಕೆ ಹೋದದ್ದೂ ಹೀಗೆಯೇ, ಆಟ ಆಡಿಸುವ ಒಬ್ಬೊಬ್ಬ ಸೇವಾಕರ್ತರು ತಮ್ಮ ಅನುಕೂಲ ನೋಡಿ ಹಿಡಿದ ದಾರಿ. ವೇಷವಿಲ್ಲದೆ ಕುಳಿತು ಆಡುವ ಮಳೆಗಾಲದ ತಾಳಮದ್ದಳೆ, ಮನೆಮನೆಗೆ ಹೋಗುವ ಚಿಕ್ಕಮೇಳ, ಮಂಗಳೂರಿನ ಪುರಭವನ ಹಾಗೂ ಉಡುಪಿಯ ರಾಜಾಂಗಣದ ಆಟಗಳು ಎಷ್ಟೋ ವರ್ಷಗಳಿಂದ ಕಲಾವಿದರ ನಾಲ್ಕು ತಿಂಗಳ ಒಲೆ ಉರಿಸಿವೆ. ಇವೆಲ್ಲ ನಮ್ಮ ಹೊಂದಾಣಿಕೆಗಳೇ, ಸಂಶಯವಿಲ್ಲ. ಆದರೆ ಯಾವೊಂದು ಮೇಳವೂ ಕುಳಿತು ಯೋಚಿಸಿ ಮಾಡಿಕೊಂಡ ಏರ್ಪಾಡಲ್ಲ.

ಹಾಗೆ ಕುಳಿತು ಯೋಚಿಸಿದವರ ಒಂದು ಉದಾಹರಣೆ ಅಮೆರಿಕದ ಆ್ಯಶ್‌ಲೆಂಡ್ ಊರಿನಲ್ಲಿದೆ. ಅಲ್ಲಿನ ಆರೆಗಾನ್ ಶೇಕ್ಸ್‌ಪಿಯರ್ ಉತ್ಸವದ ಬಯಲು ರಂಗಮಂದಿರದಲ್ಲಿ 2018ರ ಬೇಸಿಗೆಯಲ್ಲಿ ಕಾಳ್ಗಿಚ್ಚಿನ ಹೊಗೆಯಿಂದ ಇಪ್ಪತ್ತಕ್ಕೂ ಹೆಚ್ಚು ಪ್ರದರ್ಶನಗಳು ರದ್ದಾದವು. ಮರುವರ್ಷ ಅವರು ಹೊಗೆ ಬರಲೆಂದು ಕಾಯಲಿಲ್ಲ. ಹೊಗೆಯ ವಾರಗಳ ಕೆಲವು ಪ್ರದರ್ಶನಗಳನ್ನು ಊರಿನ ಪ್ರೌಢಶಾಲೆಯ ಒಳಾಂಗಣಕ್ಕೆ ಮೊದಲೇ ನಿಗದಿ ಮಾಡಿದರು. ಅವರ ದುಡ್ಡು ನಮ್ಮಲ್ಲಿಲ್ಲ, ಆದರೆ ಊರೂರಿಗೆ ಶಾಲೆ, ಸಭಾಭವನಗಳಿವೆ.

ನನಗೆ ಕಾಣುವಂತೆ ಇಲ್ಲಿ ಕೊರತೆ ಇರುವುದು ಸೂರಿನದ್ದಲ್ಲ, ಕರಾರಿನದ್ದು. ಮೇಳಕ್ಕೆ ವೀಳ್ಯ ಕೊಟ್ಟು ಆಟ ಗೊತ್ತು ಮಾಡುವಾಗ ದಿನ, ಸ್ಥಳ, ಪ್ರಸಂಗಗಳ ಮಾತಾಗುತ್ತದೆ. ಮಳೆ ಬಂದರೆ ಆಟ ಎಲ್ಲಿಗೆ, ನೆಂದ ವೇಷಕ್ಕೆ ಯಾರು ಹೊಣೆ ಎಂಬ ಮಾತು ಎಷ್ಟೋ ಸಲ ಏಳುವುದೇ ಇಲ್ಲ. ಹರಕೆ ಆಟವಾದರೆ ಇನ್ನೊಂದು ದಿನಕ್ಕೆ ಹೋದೀತು. ಡೇರೆ ಮೇಳಕ್ಕೆ ಮಳೆಯ ರಾತ್ರಿಯೆಂದರೆ ಗಲ್ಲಾಪೆಟ್ಟಿಗೆ ಖಾಲಿ, ಆದರೆ ಲಾರಿ, ಜನರೇಟರ್, ಅಡುಗೆಯ ಖರ್ಚು ತಪ್ಪದು. 1975ರಲ್ಲಿ ಹುಟ್ಟಿದ ಉಡುಪಿಯ ಯಕ್ಷಗಾನ ಕಲಾರಂಗ ಕಲಾವಿದರಿಗೆ ಮನೆ ಕಟ್ಟಿಕೊಡುವ, ಕಷ್ಟಕ್ಕೆ ಒದಗುವ ಕೆಲಸವನ್ನು ಎಷ್ಟೋ ವರ್ಷಗಳಿಂದ ಮಾಡುತ್ತಿದೆ. ಆದರೆ ರದ್ದಾದ ಆಟದ ನಷ್ಟಕ್ಕೆ ನಿಧಿ, ವೇಷದ ಪೆಟ್ಟಿಗೆಗೆ ವಿಮೆ, ನೀರು ತಾಗದ ಪೆಟ್ಟಿಗೆ, ಇವು ಮೇಳದ ಯಜಮಾನರೂ ಆಡಳಿತ ಮಂಡಳಿಗಳೂ ಮನಸ್ಸು ಮಾಡಿದರೆ ಆಗುವ ಕೆಲಸಗಳು.

ತಿರುಗಾಟದ ಪಟ್ಟಿಯನ್ನು ಒಮ್ಮೆ ಕೈಗೆತ್ತಿಕೊಂಡು ನೋಡಿ. ದೊಡ್ಡ ಹರಕೆ ಮೇಳಗಳಲ್ಲಿ ಆಟ ಆಡಿಸಲು ವರ್ಷಗಟ್ಟಲೆ ಕಾಯಬೇಕು. ದೀಪಾವಳಿಯ ಆಚೆಯಿಂದ ಪತ್ತನಾಜೆಯವರೆಗೆ ಒಂದೊಂದು ತಾರೀಕಿನ ಎದುರೂ ಒಬ್ಬರ ಹೆಸರಿರುತ್ತದೆ. ಮಳೆಗೆಂದು ಬಿಟ್ಟ ಒಂದು ರಾತ್ರಿಯೂ ಅದರಲ್ಲಿ ಕಾಣುವುದಿಲ್ಲ.